ಎಲ್‌ಎಲ್ (ಕಲಿಕಾ ಪರವಾನಗಿ) ಪರೀಕ್ಷೆ: ವೇಗದ ಮಿತಿ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಕಾರಿನ ಎಲ್‌ಎಲ್ ಪರೀಕ್ಷೆ ಇದೆ. ರಸ್ತೆ ಚಿಹ್ನೆಗಳನ್ನೆಲ್ಲ ಕಲಿತಾಯ್ತು. ವೇಗದ ಮಿತಿ ಮಾತ್ರ ಗೊಂದಲ.

ನಾನು ಓದಿದ್ದು ಹೀಗಿದೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಪ್ರಕಾರ ಕಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 120 ಕಿ.ಮೀ., ಡಿವೈಡರ್ ಇರುವ ನಾಲ್ಕು ಲೇನ್ ರಸ್ತೆಯಲ್ಲಿ 100, ನಗರದೊಳಗೆ 70, ಉಳಿದ ರಸ್ತೆಗಳಲ್ಲೂ 70. ಬೈಕಿಗೆ ನಗರದಲ್ಲಿ 60. ಆದರೆ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ಇದಕ್ಕಿಂತ ಕಡಿಮೆ ಮಿತಿ ಇಡಬಹುದು. ಅಂದರೆ ಬೋರ್ಡಿನಲ್ಲಿ 40 ಅಂತ ಇದ್ದರೆ ಅಲ್ಲಿ 40ಕ್ಕಿಂತ ಜಾಸ್ತಿ ಹೋಗುವ ಹಾಗಿಲ್ಲ, ಅಲ್ವಾ?

ನನ್ನ ಹತ್ತಿರ ಇರುವ ಹಳೇ ಪ್ರಶ್ನೆ ಪುಸ್ತಕದಲ್ಲಿ ಬೇರೆಯೇ ಅಂಕಿಗಳಿವೆ. "ನಗರದಲ್ಲಿ ಕಾರಿನ ಗರಿಷ್ಠ ವೇಗ ಎಷ್ಟು?" ಅಂತ ಕೇಳಿದರೆ 70 ಅಂತ ಒತ್ತಬೇಕಾ? ಇತ್ತೀಚೆಗೆ ಪರೀಕ್ಷೆ ಬರೆದವರು ಯಾವ ರೀತಿ ಪ್ರಶ್ನೆ ಬಂತು, ಆಯ್ಕೆಗಳು ಏನಿದ್ದವು ಅಂತ ದಯವಿಟ್ಟು ತಿಳಿಸಿ. ಡ್ರೈವಿಂಗ್ ಶಾಲೆಯವರನ್ನು ಕೇಳಿದೆ, "ಸುಮ್ನೆ ಬಾಯಿಪಾಠ ಮಾಡಿ" ಅಂದರು. ನನಗೆ ಅರ್ಥ ಮಾಡಿಕೊಂಡೇ ಕಲಿಯಬೇಕು. ನಾಳೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸುವವಳು ನಾನೇ.

ಇನ್ನೊಂದು ವಿಷಯ. ಬೋರ್ಡೇ ಇಲ್ಲದ ಶಾಲೆ ಮುಂದೆ, ಊರೊಳಗಿನ ಇಕ್ಕಟ್ಟು ರಸ್ತೆಯಲ್ಲಿ ನೀವೆಲ್ಲ ಎಷ್ಟು ವೇಗ ಇಟ್ಟುಕೊಳ್ಳುತ್ತೀರಿ? ಅನುಭವ ಇರುವವರು ಹೇಳಿ.