ಪೆಟ್ ಸ್ಕ್ಯಾನ್ ವಿಭಾಗದಲ್ಲಿ ನರ್ಸ್ ಆಗಿದ್ದೇನೆ, ವಿಕಿರಣಕ್ಕೆ ಎಷ್ಟು ಹೆದರಬೇಕು?

ಪ್ರಶ್ನೆ (ಸ್ಟಾಫ್ ನರ್ಸ್, ಪೆರ್ಲ):
ನಮಸ್ಕಾರ ಮೇಡಂ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಐದು ವರ್ಷಗಳಿಂದ ನರ್ಸ್ ಆಗಿದ್ದೇನೆ. ಎರಡು ತಿಂಗಳ ಹಿಂದೆ ನನ್ನನ್ನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಹಾಕಿದರು. ವಿಕಿರಣ ಸೂಸುವ ಔಷಧಿ ಚುಚ್ಚಿ ಮಾಡುವ ಪೆಟ್ ಸ್ಕ್ಯಾನ್ ದಿನಕ್ಕೆ ಏಳೆಂಟು ಇರುತ್ತದೆ. ಕೈಗೆ ಸೂಜಿ ಹಾಕುವುದು, ಇಂಜೆಕ್ಷನ್ ಆದವರನ್ನು ವಿಶ್ರಾಂತಿ ಕೋಣೆಯಲ್ಲಿ ಮಲಗಿಸುವುದು, ಶೌಚಾಲಯಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಒಂದು ಸೀಸದ ಏಪ್ರನ್ ಮತ್ತು ಮೈಗೆ ತಾಗಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕೊಟ್ಟಿದ್ದಾರೆ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ, ಎರಡನೆಯ ಮಗು ಬೇಕೆಂಬ ಆಸೆಯೂ ಇದೆ. ಸ್ನಾನ ಮಾಡದೆ ಮಗಳನ್ನು ಮುಟ್ಟಲು ಅತ್ತೆ ಬಿಡುವುದಿಲ್ಲ. ‘ಕಣ್ಣಿಗೆ ಕಾಣದ್ದನ್ನು ಏನೂ ಆಗುವುದಿಲ್ಲ ಎಂದು ಹೇಳುವವರನ್ನು ನಂಬಬೇಡ, ನಾವು ಒಮ್ಮೆ ನಂಬಿ ಆಗಿದೆ’ ಎನ್ನುತ್ತಾರೆ. ಕೆಲಸ ಬಿಡಬೇಕೇ?

ಉತ್ತರ (ವಿಕಿರಣ ಸುರಕ್ಷತಾ ಅಧಿಕಾರಿ, ಊರು ನೀರ್ಚಾಲು):
ಮೊದಲು ನಿಮ್ಮ ಅತ್ತೆಯ ಮಾತು. ನಿಮ್ಮ ಪೆರ್ಲ ಇರುವ ಎಣ್ಮಕಜೆ ಪಂಚಾಯತಿನ ಹಿರಿಯರೊಬ್ಬರು ಹಾಗೆ ಹೇಳಿದರೆ ಅದನ್ನು ಅಜ್ಞಾನ ಎನ್ನಲು ನನಗೆ ನಾಲಗೆ ಬಾರದು. ಎರಡು ದಶಕಗಳಿಗೂ ಹೆಚ್ಚು ಕಾಲ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗ ನಮ್ಮವರಿಗೆ ಸಿಕ್ಕಿದ್ದು ಬರಿಯ ಭರವಸೆ; ಯಾರ ಮೈಗೆ ಎಷ್ಟು ಸೇರಿತು ಎಂಬ ಲೆಕ್ಕ ಯಾರ ಕೈಗೂ ಸಿಗಲಿಲ್ಲ. ನಿಮ್ಮ ವಿಷಯದಲ್ಲಿ ಆ ಲೆಕ್ಕ ಇದೆ. ಎದೆಯ ಮೇಲಿನ ಬ್ಯಾಡ್ಜ್ ಇರುವುದೇ ಅದಕ್ಕೆ. ಆದ್ದರಿಂದ ನಾನೂ ನಂಬಿ ಎನ್ನುವುದಿಲ್ಲ, ನಿಮ್ಮ ಅಂಕಿಯನ್ನು ಕೇಳಿ ಪಡೆಯಿರಿ ಎನ್ನುತ್ತೇನೆ.

ಮಗಳ ವಿಷಯ ಸುಲಭ. ರೋಗಿಯಿಂದ ಹೊರಟ ಕಿರಣ ನಿಮ್ಮನ್ನು ಹಾದುಹೋಗುತ್ತದೆಯೇ ಹೊರತು ಮೈಗೆ ಅಂಟಿಕೊಂಡು ಮನೆಗೆ ಬರುವುದಿಲ್ಲ. ಅಂಟುವುದು ಔಷಧಿಯ ಹನಿ, ಅಥವಾ ಇಂಜೆಕ್ಷನ್ ಆದ ರೋಗಿಯ ಮೂತ್ರ. ಅದಕ್ಕೇ ಕೈಗವಸು, ಅದಕ್ಕೇ ಹೊರಡುವ ಮುನ್ನ ಮಾನಿಟರಿನ ಎದುರು ಕೈ ಮತ್ತು ಪಾದ ಪರೀಕ್ಷೆ. ಅದರಲ್ಲಿ ಏನೂ ಕಾಣದಿದ್ದರೆ ಬಾಗಿಲಲ್ಲೇ ಮಗಳನ್ನು ಎತ್ತಿಕೊಳ್ಳಿ. ಪೆಟ್‌ನಲ್ಲಿ ಬಳಸುವ ಎಫ್‌ಡಿಜಿ ಎಂಬ ಔಷಧಿ ಎಂದರೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಸಕ್ಕರೆ. 110 ನಿಮಿಷಕ್ಕೊಮ್ಮೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ.

ಇನ್ನು ನಿಮ್ಮ ಕೆಲಸ. ಔಷಧಿಯ ವಿಕಿರಣವನ್ನು ಬೆಕ್ವೆರೆಲ್ ಅಥವಾ ಕ್ಯೂರಿಯಲ್ಲಿ, ಮೈಗೆ ತಾಗುವುದನ್ನು ಸೀವರ್ಟ್‌ನಲ್ಲಿ ಅಳೆಯುತ್ತಾರೆ; ಸಾವಿರ ಮೈಕ್ರೋಸೀವರ್ಟ್ ಸೇರಿದರೆ ಒಂದು ಮಿಲಿಸೀವರ್ಟ್. 370 ಮೆಗಾಬೆಕ್ವೆರೆಲ್, ಅಂದರೆ ನೀವು ದಿನವೂ ಕೇಳುವ 10 ಮಿಲಿಕ್ಯೂರಿ, ಪಡೆದ ರೋಗಿಯಿಂದ ಒಂದು ಮೀಟರ್ ದೂರದಲ್ಲಿ ಆರಂಭದಲ್ಲಿ ಗಂಟೆಗೆ ಸುಮಾರು 34 ಮೈಕ್ರೋಸೀವರ್ಟ್ ಇರುತ್ತದೆ. ಅರ್ಧ ಮೀಟರಿಗೆ ಹತ್ತಿರವಾದರೆ ಅದು ಸುಮಾರು ನಾಲ್ಕು ಪಟ್ಟಾಗುತ್ತದೆ. ಈಗ ಇಬ್ಬರು ನರ್ಸ್‌ಗಳನ್ನು ಊಹಿಸಿಕೊಳ್ಳಿ. ಒಬ್ಬರು ಇಂಜೆಕ್ಷನ್ ಆದ ಮೇಲೆ ಹಾಸಿಗೆಯ ಬದಿಯಲ್ಲಿ ಐದು ನಿಮಿಷ ನಿಂತು ಹೊದಿಕೆ ಸರಿಮಾಡಿ, ಎಷ್ಟು ಹೊತ್ತು ಮಲಗಬೇಕು, ಶೌಚಾಲಯ ಎಲ್ಲಿದೆ ಎಂದೆಲ್ಲ ಹೇಳುತ್ತಾರೆ. ದಿನಕ್ಕೆ ಎಂಟು ರೋಗಿಗಳು, ವರ್ಷಕ್ಕೆ 250 ದಿನ: 22 ಮಿಲಿಸೀವರ್ಟ್ ದಾಟುತ್ತದೆ. ಇನ್ನೊಬ್ಬರು ಅದೇ ಮಾತುಗಳನ್ನು, ಅದೇ ಅಕ್ಕರೆಯಿಂದ, ಸಿರಿಂಜ್ ಕೋಣೆಗೆ ಬರುವ ಮೊದಲೇ ಆಡಿ ಮುಗಿಸುತ್ತಾರೆ. ಆಮೇಲೆ ಒಂದು ಮೀಟರ್ ದೂರದಲ್ಲಿ ಒಂದು ನಿಮಿಷ ಮಾತ್ರ. ಅವರ ವರ್ಷದ ಲೆಕ್ಕ 1.1 ಮಿಲಿಸೀವರ್ಟ್. ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್. ಒಬ್ಬರು ಸರಾಸರಿಯ ಮಿತಿಯ ಮೇಲೆ, ಇನ್ನೊಬ್ಬರು ಅದರ ಹತ್ತಿರವೂ ಇಲ್ಲ. ಇಬ್ಬರೂ ಮಾಡಿದ್ದು ಒಂದೇ ಕೆಲಸ.

ರೋಗಿಯ ಕೈ ಹಿಡಿದು ಸಮಾಧಾನ ಹೇಳುವ ನರ್ಸ್‌ಗಳಿಗೇ ಹೆಚ್ಚು ಡೋಸ್ ಬೀಳುವುದನ್ನು ನಾನು ನೋಡಿದ್ದೇನೆ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ತಿಳಿಯಲು ಬಂದವರು, ಹೆದರಿರುತ್ತಾರೆ. ಅವರ ಕೈ ಹಿಡಿಯಿರಿ. ಇಂಜೆಕ್ಷನ್‌ಗೆ ಮೊದಲು ಹಿಡಿಯಿರಿ.

ಎರಡನೆಯ ಮಗುವಿನ ಆಸೆಯನ್ನು ಈ ಕೆಲಸಕ್ಕಾಗಿ ಬಿಡಬೇಕಾಗಿಲ್ಲ. ಗರ್ಭಿಣಿ ಎಂದು ತಿಳಿದ ದಿನವೇ ವಿಭಾಗದ ವಿಕಿರಣ ಸುರಕ್ಷತಾ ಅಧಿಕಾರಿಗೆ (ಆರ್‌ಎಸ್‌ಒ) ಬರಹದಲ್ಲಿ ತಿಳಿಸಿ. ಅಲ್ಲಿಂದ ಹೆರಿಗೆಯವರೆಗೆ ಮಗುವಿಗೆ 1 ಮಿಲಿಸೀವರ್ಟ್ ಮೀರದಂತೆ ಕೆಲಸ ಹಂಚುವುದು ಅವರ ಹೊಣೆ. ಅದು ನಿಮಗೆ ಮಾಡುವ ಉಪಕಾರವಲ್ಲ. ಆಗಾಗಲೇ ಓದಿಕೊಳ್ಳಬಹುದಾದ ಪಾಕೆಟ್ ಡೋಸಿಮೀಟರ್ ಕೇಳಿ. ಥೈರಾಯ್ಡ್ ರೋಗಿಗಳಿಗೆ ವಿಕಿರಣ ಸೂಸುವ ಅಯೋಡಿನ್-131 ಕೊಡುವ ವಾರ್ಡಿಗೆ ಹೋಗಬೇಡಿ. ಗರ್ಭದಲ್ಲಿ ಅಂಗವಿಕಲತೆ ಉಂಟಾಗಲು 100 ಮಿಲಿಗ್ರೇ ಮಟ್ಟದ ಡೋಸ್ ಬೇಕು (ಈ ಕಿರಣಗಳಿಗೆ 1 ಮಿಲಿಗ್ರೇ ಎಂದರೆ 1 ಮಿಲಿಸೀವರ್ಟ್ ಎಂದೇ ಹಿಡಿಯಬಹುದು), ನೀವು ಅದರಿಂದ ಬಹಳ ದೂರದಲ್ಲಿದ್ದೀರಿ. ಕ್ಯಾನ್ಸರ್ ಸಾಧ್ಯತೆಗೆ ಮಾತ್ರ ಹಾಗೆ ‘ಇದಕ್ಕಿಂತ ಕೆಳಗೆ ಸೊನ್ನೆ’ ಎಂಬ ಗೆರೆ ಇಲ್ಲವೆಂದು ಇಟ್ಟುಕೊಂಡೇ ನಿಯಮಗಳನ್ನು ಮಾಡಿದ್ದಾರೆ. 1 ಮಿಲಿಸೀವರ್ಟ್ ಎಂಬ ಬಿಗಿಯಾದ ಮಿತಿ ಬಂದದ್ದು ಅದಕ್ಕೇ.

ಪ್ರಶ್ನೆ (ಅದೇ ನರ್ಸ್):
ತುಂಬಾ ಉಪಕಾರ ಮೇಡಂ. ಏಪ್ರನ್ ಹಾಕಿಕೊಂಡರೆ ಸಾಕು, ಏನೂ ಆಗುವುದಿಲ್ಲ ಎನ್ನುತ್ತಾರೆ ಹಿರಿಯ ನರ್ಸ್. ನಿಜವೇ?

ಉತ್ತರ:
ಪೆಟ್‌ಗೆ ನಿಜವಲ್ಲ. ಮೂಳೆ ಸ್ಕ್ಯಾನ್‌ಗೆ ಕೊಡುವ ಟೆಕ್ನೀಶಿಯಂ-99ಎಂನ ಗಾಮಾ ಕಿರಣದ ಶಕ್ತಿ 140 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅರ್ಧ ಮಿಲಿಮೀಟರ್ ಸೀಸದ ಏಪ್ರನ್ ಅದರ ಬಹುಪಾಲನ್ನು ತಡೆಯುತ್ತದೆ. ಪೆಟ್‌ನದು 511. ಅದನ್ನು ಅರ್ಧಕ್ಕಿಳಿಸಲು ಸುಮಾರು 4 ಮಿಲಿಮೀಟರ್ ಸೀಸ ಬೇಕು. ನಿಮ್ಮ ಏಪ್ರನ್ ತಡೆಯುವುದು ಹತ್ತರಲ್ಲಿ ಒಂದು ಪಾಲನ್ನೂ ಅಲ್ಲ. ಅದರ ಭಾರಕ್ಕೆ ನಿಮ್ಮ ನಡಿಗೆ ನಿಧಾನವಾಗಿ, ರೋಗಿಯ ಬಳಿ ಅರ್ಧ ನಿಮಿಷ ಹೆಚ್ಚು ನಿಂತರೆ ಉಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಏಪ್ರನ್ ತೊಟ್ಟೆನಲ್ಲಾ ಎಂಬ ಧೈರ್ಯದಿಂದ ಹತ್ತಿರ ಹೋಗಿ ನಿಲ್ಲುವುದು ಇನ್ನೂ ಕೆಟ್ಟದ್ದು. ಪೆಟ್‌ನಲ್ಲಿ ನಿಮ್ಮನ್ನು ಕಾಯುವುದು ದೂರ, ಗಡಿಯಾರ, ದಪ್ಪ ಸೀಸದ ತಡೆ ಮತ್ತು ಸಿರಿಂಜಿನ ಟಂಗ್‌ಸ್ಟನ್ ಕವಚ. ಏಪ್ರನ್ ತೊಡುವ ದಿನ ಬ್ಯಾಡ್ಜ್ ಅದರ ಒಳಗಡೆ, ಎದೆಯ ಮಟ್ಟದಲ್ಲಿರಲಿ.

ಪ್ರಶ್ನೆ (ನಿವೃತ್ತ ಅಧ್ಯಾಪಕರು, ಕುಂಬಳೆ):
ವಿಕಿರಣ ಎಲ್ಲೆಡೆಯೂ ಇದೆಯಲ್ಲವೇ? ಉಳ್ಳಾಲದ ಕಡಲತೀರದ ಮರಳಿನಲ್ಲೂ ಇದೆ ಎಂದು ಓದಿದ್ದೇನೆ. ಇಷ್ಟು ಹೆದರಿಸುವುದೇಕೆ?

ಉತ್ತರ:
ನೀವು ಓದಿದ್ದು ಸರಿ ಸರ್. ಉಳ್ಳಾಲದ ಮರಳಿನಲ್ಲಿ ವಿಕಿರಣ ಸೂಸುವ ಮೊನಜೈಟ್ ಎಂಬ ಖನಿಜ ಇದೆ. ಲೋಕದ ಸರಾಸರಿ ತೆಗೆದರೆ ಒಬ್ಬ ಮನುಷ್ಯನಿಗೆ ನಿಸರ್ಗದಿಂದಲೇ ವರ್ಷಕ್ಕೆ 2.4 ಮಿಲಿಸೀವರ್ಟ್ ಬರುತ್ತದೆ. ಆದರೆ ಕೆಲಸದ ಸ್ಥಳದ ವಿಕಿರಣ ಅದರ ಮೇಲೆ ಸೇರುವಂಥದ್ದು, ಮನಸ್ಸು ಮಾಡಿದರೆ ತಗ್ಗಿಸಬಹುದಾದದ್ದು. ‘ಎಲ್ಲೆಡೆ ಇದೆ’ ಎಂಬ ಮಾತನ್ನು ಸಿರಿಂಜ್ ಕವಚ ತರಿಸದೆ ಇರಲು ನೆಪವಾಗಿ ಬಳಸಿದ್ದನ್ನು ಕಂಡಿದ್ದೇನೆ, ಅದಕ್ಕೇ ಆ ಸಮಾಧಾನ ನನಗೆ ಒಗ್ಗುವುದಿಲ್ಲ.

ಪ್ರಶ್ನೆ (ಟೆಕ್ನಾಲಜಿಸ್ಟ್, ಮಂಜೇಶ್ವರ):
ಮೇಡಂ, ನಾಲ್ಕು ವರ್ಷಗಳಿಂದ ಹಾಟ್ ಲ್ಯಾಬ್‌ನಲ್ಲಿ, ಅಂದರೆ ವಿಕಿರಣ ಔಷಧಿ ಸಿದ್ಧಪಡಿಸುವ ಕೋಣೆಯಲ್ಲಿ, ಸಿರಿಂಜಿಗೆ ಔಷಧಿಯ ಡೋಸ್ ಎಳೆಯುತ್ತೇನೆ. ಬ್ಯಾಡ್ಜ್ ವರದಿ ಪ್ರತಿ ಸಲವೂ ಸೊನ್ನೆ. ಅಂದರೆ ನನಗೆ ಏನೂ ತಾಗುತ್ತಿಲ್ಲ ಎಂದಲ್ಲವೇ?

ಉತ್ತರ:
ನಿಮ್ಮ ಕೆಲಸಕ್ಕೆ ಸೊನ್ನೆ ಬರುವುದೇ ನನಗೆ ಆತಂಕ. ಹಾಟ್ ಲ್ಯಾಬ್‌ನಲ್ಲಿ ನಿಜವಾಗಿ ಕೆಲಸ ಮಾಡಿದವರಿಗೆ ಏನಾದರೂ ಒಂದು ಅಂಕಿ ಬರಬೇಕು. ಬ್ಯಾಡ್ಜ್ ದಿನವೂ ನಿಮ್ಮ ಮೈಮೇಲೆ ಇರುತ್ತದೆಯೇ? ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಒಬ್ಬರ ವರದಿ ಸತತ ಒಂದು ವರ್ಷ ಸೊನ್ನೆ ಬಂತು. ಬ್ಯಾಡ್ಜ್ ಸಿಕ್ಕಿದ್ದು ಲಾಕರಿನಲ್ಲಿ, ಅಂಗಿಯ ಜೇಬಿನೊಳಗೆ. ‘ಅಂಕಿ ಏರಿದರೆ ನನ್ನನ್ನು ಇಲ್ಲಿಂದ ತೆಗೆದುಹಾಕುತ್ತಾರೆ, ಮನೆ ನಡೆಯಬೇಕಲ್ಲ’ ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಅಂಥ ಹೆದರಿಕೆ ಹುಟ್ಟಿಸಿದ ವ್ಯವಸ್ಥೆಯಲ್ಲಿ ನಾನೂ ಇದ್ದೆ, ವರ್ಷವಿಡೀ ಸೊನ್ನೆಗಳಿಗೆ ಸಹಿ ಹಾಕಿದವಳೂ ನಾನೇ. ಅಂದಿನಿಂದ ಹೆಚ್ಚಿನ ಅಂಕಿ ಬಂದವರನ್ನು ಕರೆದು ಮೊದಲು ಕೇಳುವುದು, ನಿಮಗೆ ಯಾವ ಸಲಕರಣೆ ಕಡಿಮೆ ಬಿದ್ದಿದೆ ಎಂದು.

ಮತ್ತೆ, ಎದೆಯ ಬ್ಯಾಡ್ಜಿಗೆ ಬೆರಳಿನ ಸುದ್ದಿ ಗೊತ್ತಾಗುವುದಿಲ್ಲ. ಡೋಸ್ ಎಳೆಯುವವರಿಗೆ ಮೊದಲು ಪೆಟ್ಟು ಬೀಳುವುದು ಬೆರಳ ತುದಿಗೆ. ಯುರೋಪಿನಲ್ಲಿ 2008ರಿಂದ 2011ರವರೆಗೆ ನಡೆದ ಒರಾಮೆಡ್ ಎಂಬ ಸಂಶೋಧನಾ ಯೋಜನೆಯಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ಸಿಬ್ಬಂದಿಯ ಕೈಯ ಹಲವು ಜಾಗಗಳಲ್ಲಿ ಅಳತೆ ಮಾಡಿ ನೋಡಿದರು. ಉಂಗುರ ಡೋಸಿಮೀಟರನ್ನು ಎಡಗೈಯ ತೋರುಬೆರಳ ಬುಡದಲ್ಲಿ, ಅಂಗೈ ಕಡೆಗೆ ತಿರುಗಿಸಿ ತೊಡಿ, ಎಡಗೈ ಬಳಸುವವರು ಬಲಗೈಗೆ ತೊಡಿ. ಅದರಲ್ಲಿ ಬಂದ ಅಂಕಿಯನ್ನು ಆರರಿಂದ ಗುಣಿಸಿದರೆ ಕೈಯ ಅತಿ ಹೆಚ್ಚು ಡೋಸಿನ ಅಂದಾಜು ಸಿಗುತ್ತದೆ ಎಂದು ಹೇಳಿದರು. ಕೈಯ ಚರ್ಮಕ್ಕೆ ವರ್ಷದ ಮಿತಿ 500 ಮಿಲಿಸೀವರ್ಟ್. ಉಂಗುರದಲ್ಲಿ 90 ಕಂಡು ನಿಶ್ಚಿಂತೆಯಿಂದ ಕುಳಿತವರ ಬೆರಳ ತುದಿ ಮಿತಿಯನ್ನು ದಾಟಿರಬಹುದು. ಕೈ ಚುರುಕಾಗಿದೆ ಎಂದು ಕವಚವಿಲ್ಲದ ಸಿರಿಂಜ್ ಹಿಡಿಯಬೇಡಿ. ಸೀಸೆಯನ್ನು ಇಕ್ಕಳದಿಂದ ಎತ್ತಿ. ಹೊಸ ಕ್ರಮವನ್ನು ಬಣ್ಣದ ನೀರಿನಲ್ಲಿ ಕೈ ಕೂಡುವಷ್ಟು ಅಭ್ಯಾಸ ಮಾಡಿ, ಆಮೇಲೆ ನಿಜವಾದ ಔಷಧಿಗೆ ಬನ್ನಿ.

ಪ್ರಶ್ನೆ (ಟ್ಯಾಕ್ಸಿ ಚಾಲಕ, ಮುಳ್ಳೇರಿಯ):
ಮೇಡಂ, ನಾನು ಆಸ್ಪತ್ರೆಯವನಲ್ಲ. ವಾರಕ್ಕೊಮ್ಮೆಯಾದರೂ ಯಾರನ್ನಾದರೂ ಪೆಟ್ ಸ್ಕ್ಯಾನ್‌ಗೆ ಮಂಗಳೂರಿಗೆ ಕರೆದೊಯ್ದು ಅಂದೇ ವಾಪಸು ತರುತ್ತೇನೆ. ನನಗೂ ತಾಗುತ್ತದೆಯೇ?

ಉತ್ತರ:
ನಿಮ್ಮಂಥವರನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ ಅಣ್ಣ, ಕೇಳಿದ್ದು ಒಳ್ಳೆಯದಾಯಿತು. ಇಂಜೆಕ್ಷನ್ ಆಗಿ ಎರಡೂವರೆ ಗಂಟೆಯ ಮೇಲೆ ಹೊರಟರು, ಒಂದೂವರೆ ಗಂಟೆಯ ದಾರಿ, ನಿಮಗೂ ಅವರಿಗೂ ಒಂದು ಮೀಟರ್ ಅಂತರ ಎಂದುಕೊಳ್ಳೋಣ. ಒಂದು ಪ್ರಯಾಣಕ್ಕೆ ಸುಮಾರು 12 ಮೈಕ್ರೋಸೀವರ್ಟ್. ಗಲ್ಫಿಗೆ ವಿಮಾನದಲ್ಲಿ ಹೋದವರಿಗೆ ಆಕಾಶದಲ್ಲಿ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ವರ್ಷಕ್ಕೆ 50 ಪ್ರಯಾಣವಾದರೆ 0.6 ಮಿಲಿಸೀವರ್ಟ್ ಆಗುತ್ತದೆ, ಸಾಮಾನ್ಯ ಜನರಿಗೆ ಹಾಕಿರುವ ಮಿತಿ 1. ಅಪಾಯವಿಲ್ಲ, ಆದರೂ ಕಾರಣವಿಲ್ಲದೆ ಏಕೆ ತಗೊಳ್ಳಬೇಕು? ರೋಗಿಯನ್ನು ಹಿಂದಿನ ಸೀಟಿನ ಎಡತುದಿಯಲ್ಲಿ ಕೂರಿಸಿ. ಹೊರಡುವ ಮೊದಲು ಚೆನ್ನಾಗಿ ನೀರು ಕುಡಿದು ಮೂತ್ರಕ್ಕೆ ಹೋಗಿಬರಲು ಹೇಳಿ. ಗರ್ಭಿಣಿಯರನ್ನೂ ಮಕ್ಕಳನ್ನೂ ಅದೇ ಕಾರಿನಲ್ಲಿ ಪಕ್ಕದಲ್ಲಿ ಕೂರಿಸಬೇಡಿ. ರೋಗಿಗೆ ಮಾತ್ರ ಮನಸ್ಸು ನೋಯುವಂತೆ ಏನೂ ಹೇಳಬೇಡಿ.

ಪ್ರಶ್ನೆ (ಭೌತಶಾಸ್ತ್ರ ಎಂಎಸ್ಸಿ ವಿದ್ಯಾರ್ಥಿನಿ, ಪೆರಿಯ):
ಈ ಕ್ಷೇತ್ರದಲ್ಲಿ ಸಂಶೋಧನೆ ಎತ್ತ ಸಾಗುತ್ತಿದೆ? ಅದರಿಂದ ಸಿಬ್ಬಂದಿಗೆ ಏನಾದರೂ ಪ್ರಯೋಜನವಿದೆಯೇ?

ಉತ್ತರ:
ಇದೆ. ಸಾಮಾನ್ಯ ಪೆಟ್ ಯಂತ್ರ ಒಮ್ಮೆಗೆ ನೋಡುವುದು ದೇಹದ ಸುಮಾರು ಒಂದು ಗೇಣಿನಷ್ಟು ಭಾಗವನ್ನು. ಹೊರಟ ಕಿರಣಗಳಲ್ಲಿ ಬಹುಪಾಲು ವ್ಯರ್ಥ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ತಂಡದವರು ಮುಂದೆ ನಿಂತು ಕಟ್ಟಿಸಿದ ಎಕ್ಸ್‌ಪ್ಲೋರರ್ ಯಂತ್ರದ ಉದ್ದ 194 ಸೆಂಟಿಮೀಟರ್. 2018ರಲ್ಲಿ ಅದರಿಂದ ಮನುಷ್ಯರ ಮೊದಲ ಚಿತ್ರಗಳು ಬಂದವು, ಇಡೀ ದೇಹವನ್ನು ಒಟ್ಟಿಗೆ ನೋಡುವ ಮೊದಲ ಪೆಟ್ ಅದು. ಸೂಕ್ಷ್ಮತೆ ಇಷ್ಟು ಹೆಚ್ಚಿದರೆ ಕಡಿಮೆ ಔಷಧಿ ಸಾಕು; ರೋಗಿಗೆ ಕಡಿಮೆ ಎಂದರೆ ಸಿರಿಂಜ್ ಹಿಡಿದವರಿಗೂ ಕಡಿಮೆ. ಆದರೆ ಅದರ ಬೆಲೆ ನಮ್ಮ ಊರಿನ ಆಸ್ಪತ್ರೆಗಳ ಕೈಗೆ ಎಟುಕದು, ಅಷ್ಟರವರೆಗೆ ಡೋಸನ್ನು ತಾನೇ ಅಳೆದು ಕೊಡುವ ಸ್ವಯಂಚಾಲಿತ ಯಂತ್ರ ಬಂದರೂ ದೊಡ್ಡದು.

ಇನ್ನೊಂದು ದಾರಿ ಸಿಬ್ಬಂದಿಯ ಆರೋಗ್ಯದ ಅಧ್ಯಯನ. ಫ್ರಾನ್ಸ್, ಬ್ರಿಟನ್, ಅಮೆರಿಕದ ಮೂರು ಲಕ್ಷಕ್ಕೂ ಹೆಚ್ಚು ಪರಮಾಣು ಕಾರ್ಮಿಕರನ್ನು ಗಮನಿಸಿದ ಇನ್‌ವರ್ಕ್ಸ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು: ಒಂದು ಗ್ರೇ ಡೋಸಿಗೆ ಗಡ್ಡೆ ರೂಪದ ಕ್ಯಾನ್ಸರ್‌ಗಳಿಂದ ಸಾವಿನ ದರ ಶೇಕಡಾ 52ರಷ್ಟು ಹೆಚ್ಚು. ಹತ್ತು ವರ್ಷ ದುಡಿದು ಒಟ್ಟು 20 ಮಿಲಿಗ್ರೇ ಪಡೆದವರಿಗೆ ಇದೇ ಲೆಕ್ಕದಲ್ಲಿ ಅದು ಶೇಕಡಾ 1ರಷ್ಟಾಗುತ್ತದೆ. ಸಣ್ಣದು, ಆದರೆ ಸೊನ್ನೆಯಲ್ಲ. ಕಣ್ಣಿನ ಮಸೂರಕ್ಕೆ ವರ್ಷಕ್ಕೆ 150 ಮಿಲಿಸೀವರ್ಟ್ ಇದ್ದ ಮಿತಿಯನ್ನು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲಿ 20ಕ್ಕೆ ಇಳಿಸಲು ಹೇಳಿದ್ದೂ ಕಣ್ಣಿನ ಪೊರೆಯ ಬಗ್ಗೆ ಇಂಥ ಅಧ್ಯಯನಗಳಿಂದಲೇ. ನೀವು ಬರುವುದಾದರೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಒಂದು ವರ್ಷದ ವಿಕಿರಣ ಭೌತಶಾಸ್ತ್ರ ಡಿಪ್ಲೊಮಾ ನೋಡಿ. ಬಂದವರು ನಮ್ಮ ಕರಾವಳಿಯ ನರ್ಸ್‌ಗಳ ಬೆರಳನ್ನು ಅಳೆಯಬೇಕು ಎಂಬುದು ನನ್ನ ಬಹಳ ದಿನದ ಆಸೆ.

ಪ್ರಶ್ನೆ (ಪೆರ್ಲದ ನರ್ಸ್, ಮೂರು ದಿನಗಳ ಬಳಿಕ):
ಅಕ್ಕಾ, ನೀವು ಹೇಳಿದಂತೆ ಮಾತೆಲ್ಲ ಇಂಜೆಕ್ಷನ್‌ಗೆ ಮೊದಲೇ ಮುಗಿಸುತ್ತಿದ್ದೇನೆ. ಅಂಕಿ ಕೇಳಲು ಹೋದಾಗ ಹಳೆಯ ವರದಿಗಳನ್ನೂ ತೋರಿಸಿದರು. ನಮ್ಮಲ್ಲೂ ಎಲ್ಲರದೂ ಸೊನ್ನೆ! ಎಲ್ಲರೂ ಬ್ಯಾಡ್ಜ್ ತೊಡುವುದನ್ನು ನಾನೇ ನೋಡುತ್ತೇನೆ. ‘ಕಂಟ್ರೋಲ್’ ಎಂದು ಬರೆದ ಇನ್ನೊಂದು ಬ್ಯಾಡ್ಜ್ ಇದೆ, ಅದು ಇಂಜೆಕ್ಷನ್ ಕೋಣೆಯ ಹೊರಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ನಮ್ಮ ಬ್ಯಾಡ್ಜ್‌ಗಳನ್ನೂ ಸಂಜೆ ಅಲ್ಲೇ ತೂಗುಹಾಕಿ ಹೋಗುತ್ತೇವೆ.

ಉತ್ತರ:
ಸೊನ್ನೆ ಅಲ್ಲಿಂದಲೇ ಬಂದಿರಬಹುದು. ಕಂಟ್ರೋಲ್ ಬ್ಯಾಡ್ಜ್ ಇರಬೇಕಾದದ್ದು ವಿಕಿರಣವಿಲ್ಲದ ಜಾಗದಲ್ಲಿ. ಅದರ ಅಂಕಿಯನ್ನು ಹಿನ್ನೆಲೆ ಎಂದು ಹಿಡಿದು ನಿಮ್ಮೆಲ್ಲರ ಅಂಕಿಯಿಂದ ಕಳೆಯುತ್ತಾರೆ. ಹಗಲಿಡೀ ಇಂಜೆಕ್ಷನ್ ಆದ ರೋಗಿಗಳ ಪಕ್ಕದ ಗೋಡೆಯಲ್ಲಿದ್ದರೆ ಅದೇ ದೊಡ್ಡ ಅಂಕಿ ಪಡೆಯುತ್ತದೆ, ಕಳೆದರೆ ನಿಮಗೆ ಉಳಿಯುವುದು ಸೊನ್ನೆ. ಮಂಜೇಶ್ವರದ ತಮ್ಮ, ನೀವೂ ನಾಳೆ ನಿಮ್ಮಲ್ಲಿ ಅದು ಎಲ್ಲಿದೆ ಎಂದು ನೋಡಿ.

ನೀವು ಆ ಮೊಳೆಯ ಫೋಟೊ ತೆಗೆದು, ದಿನಾಂಕ ಬರೆದು, ಆರ್‌ಎಸ್‌ಒಗೆ ಇವತ್ತೇ ಪತ್ರ ಕೊಡಿ. ಒಬ್ಬರೇ ಹೋಗಬೇಡಿ, ನಾಲ್ವರು ಸಹಿ ಹಾಕಿ. ಕಂಟ್ರೋಲ್ ಬ್ಯಾಡ್ಜನ್ನು ಸ್ಕ್ಯಾನ್ ಕೋಣೆಗಳಿಂದ ದೂರದ ಕಚೇರಿಯ ಕಪಾಟಿಗೆ ಸಾಗಿಸಲು, ನಿಮ್ಮ ಬ್ಯಾಡ್ಜ್‌ಗಳನ್ನೂ ಸಂಜೆ ಅದರ ಜೊತೆಯಲ್ಲೇ ಇಡಲು ಕೇಳಿ. ಈ ಬ್ಯಾಡ್ಜ್ ಅವಧಿಯ ಅಂಕಿಯನ್ನು ನಂಬುವಂತಿಲ್ಲ ಎಂದು ದಾಖಲೆಯಲ್ಲಿ ಬರೆಸಿ. ಹೊಸ ಬ್ಯಾಡ್ಜ್ ಬರುವವರೆಗೆ ಪಾಕೆಟ್ ಡೋಸಿಮೀಟರ್ ಕೇಳಿ, ದಿನದ ಅಂಕಿಯನ್ನು, ನೋಡಿಕೊಂಡ ರೋಗಿಗಳ ಸಂಖ್ಯೆಯೊಂದಿಗೆ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತ ಹೋಗಿ. ಆ ನೋಟ್‌ಬುಕ್ಕನ್ನು ನಿಮ್ಮ ಅತ್ತೆಗೂ ತೋರಿಸಿ.