ಪೈಥಾನ್ ಕರ್ಸಸ್‌ನಲ್ಲಿ ಕನ್ನಡ ಪಟ್ಟಿ: ಕಾಲಂ ಜರುಗುತ್ತದೆ, ಎಸ್ಕೇಪ್ ತಡ, ಪರದೆ ಮಿನುಗುತ್ತದೆ

ಪುಟಸಂಖ್ಯೆ ಕೇಳಿದ್ದು:

ಗ್ರಂಥಾಲಯದ ಪುಸ್ತಕಪಟ್ಟಿ ನೋಡಲು, ತಿದ್ದಲು ಟರ್ಮಿನಲ್‌ನಲ್ಲೇ ಓಡುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಪೈಥಾನ್ 3.11, ಅದರ ಜೊತೆಗೇ ಬರುವ ಕರ್ಸಸ್ ಮಾಡ್ಯೂಲ್ (ಟರ್ಮಿನಲ್ ಪರದೆಯಲ್ಲಿ ಬೇಕಾದ ಜಾಗಕ್ಕೆ ಬರೆಯುವಂಥದ್ದು), ಹಿಂದೆ ಎಸ್‌ಕ್ಯೂಲೈಟ್ ಡೇಟಾಬೇಸ್. ಬಳಸುವವರೆಲ್ಲ ದೂರದಿಂದ ಎಸ್‌ಎಸ್‌ಎಚ್ ಮೂಲಕ ಬರುತ್ತಾರೆ, ಕೆಲವರು ಟಿಮಕ್ಸ್ (ಒಂದು ಟರ್ಮಿನಲ್ ಒಳಗೆ ಹಲವನ್ನು ನಡೆಸುವ ಪ್ರೋಗ್ರಾಂ) ಒಳಗಿಂದ. ಒಂದು ಸಾಲಿನಲ್ಲಿ ಕ್ರಮವಾಗಿ ನಾಲ್ಕು ಕಾಲಂ: ಕ್ರಮಸಂಖ್ಯೆ, ಶೀರ್ಷಿಕೆ, ಲೇಖಕರು, ಕಪಾಟು. ಸುತ್ತಲೂ ಚೌಕಟ್ಟು, ಕೆಳಗೆ ಹುಡುಕುವ ಪೆಟ್ಟಿಗೆ.

ಇಂಗ್ಲಿಷ್ ಹೆಸರುಗಳಿದ್ದರೆ ಕಾಲಂಗಳು ನೇರವಾಗಿ ನಿಲ್ಲುತ್ತವೆ. ಕನ್ನಡ ಬಂದ ಸಾಲಿನಲ್ಲಿ ಮುಂದಿನ ಕಾಲಂ ಎಡಕ್ಕೋ ಬಲಕ್ಕೋ ಜರುಗುತ್ತದೆ, ಚೌಕಟ್ಟಿನ ಬಲಗೆರೆ ಹಾವಿನಂತೆ ಓಡುತ್ತದೆ. ಶೀರ್ಷಿಕೆಯನ್ನು ಎಲ್‌ಜಸ್ಟ್ (ಬಲಕ್ಕೆ ಖಾಲಿ ಜಾಗ ಸೇರಿಸುವ ಫಂಕ್ಷನ್) ಬಳಸಿ 30ಕ್ಕೆ ತುಂಬಿಸುತ್ತಿದ್ದೇನೆ. ಇನ್ನೂ ಮೂರು ತೊಂದರೆ ಇವೆ. ಎಸ್ಕೇಪ್ ಒತ್ತಿದರೆ ಸುಮಾರು ಒಂದು ಸೆಕೆಂಡ್ ಬಿಟ್ಟು ಕೆಲಸ ಮಾಡುತ್ತದೆ. ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದರೆ ಪರದೆ ಮಿನುಗುತ್ತದೆ. ಹೊರಗಿನಿಂದ ಕಿಲ್ ಮಾಡಿದರೆ ಟರ್ಮಿನಲ್ ಕೆಟ್ಟು ಹೋಗುತ್ತದೆ, ಒತ್ತಿದ ಅಕ್ಷರ ಕಾಣುವುದೇ ಇಲ್ಲ. ಕರ್ಸಸ್ ಬಿಟ್ಟು ಟೆಕ್ಸ್‌ಚುವಲ್ ಎಂಬ ಲೈಬ್ರರಿಗೆ ಹೋದರೆ ಇದೆಲ್ಲ ಸರಿಹೋಗುತ್ತದೆಯೇ?

---

ಬೈಟುಬುಟ್ಟಿ ಉತ್ತರ:

ಕಾಲಂ ವಿಷಯಕ್ಕಷ್ಟೇ ಉತ್ತರಿಸುತ್ತೇನೆ, ಯಾಕೆಂದರೆ ಇದರಲ್ಲಿ ಎರಡು ಬೇರೆ ಬೇರೆ ತಪ್ಪುಗಳು ಒಟ್ಟಿಗೆ ಸೇರಿಕೊಂಡಿವೆ.

ಮೊದಲನೆಯದು ನಿಮ್ಮ ಕಡೆಯದು. ಎಲ್‌ಜಸ್ಟ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಪರದೆಯ ಮನೆಗಳನ್ನಲ್ಲ (ಮನೆ ಎಂದರೆ ಪರದೆಯಲ್ಲಿ ಒಂದು ಅಕ್ಷರ ಕೂರುವ ಚೌಕ). ‘ಕರ್ನಾಟಕ’ವನ್ನೇ ತೆಗೆದುಕೊಳ್ಳಿ. ಯುಟಿಎಫ್-8ರಲ್ಲಿ 21 ಬೈಟ್. ಸಂಕೇತ 7: ಕ, ರ, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ನ, ದೀರ್ಘದ ಗುರುತು, ಟ, ಕ. ಓದುವವರ ಕಣ್ಣಿಗೆ ಅಕ್ಷರ 4. ಮನೆ ಎಷ್ಟು ಅನ್ನುವುದಕ್ಕೆ ಒಂದೇ ಉತ್ತರವಿಲ್ಲ. ಗ್ಲಿಬ್‌ಸಿಯ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಅಗಲ ಹೇಳುವ ಫಂಕ್ಷನ್ ಡಬ್ಲ್ಯೂಸಿವಿಡ್ತ್ ವಿರಾಮಕ್ಕೆ 0, ದೀರ್ಘಕ್ಕೆ 1 ಕೊಟ್ಟು 6 ಎನ್ನುತ್ತದೆ. ಅದೇ ಹೆಸರಿನ ಪೈಥಾನ್ ಲೈಬ್ರರಿಯ ಕೆಲವು ಆವೃತ್ತಿಗಳು ದೀರ್ಘಕ್ಕೂ 0 ಕೊಟ್ಟು 5 ಎನ್ನುತ್ತವೆ.

ಈ ಭಿನ್ನತೆಗೆ ಕಾರಣ ಯೂನಿಕೋಡ್‌ನ ವಿಂಗಡಣೆ. ಕನ್ನಡದ ಗುಣಿತದ ಗುರುತುಗಳಲ್ಲಿ ಇ, ಎ, ಔ ಗುರುತುಗಳು ಮತ್ತು ವಿರಾಮ ‘ಜಾಗ ಹಿಡಿಯದ’ ಗುಂಪಿನಲ್ಲಿವೆ. ಆ, ಈ, ಉ, ಊ, ಏ, ಐ, ಒ, ಓ ಗುರುತುಗಳು ಮತ್ತು ಅನುಸ್ವಾರ ‘ಜಾಗ ಹಿಡಿಯುವ’ ಗುಂಪಿನಲ್ಲಿವೆ. ಎರಡನೇ ಗುಂಪಿಗೆ ಮನೆ ಕೊಡಬೇಕೋ ಬೇಡವೋ ಅನ್ನುವುದರಲ್ಲೇ ಒಬ್ಬೊಬ್ಬರದು ಒಂದೊಂದು ಲೆಕ್ಕ. ‘ಸ್ತ್ರೀ’ ಒಂದೇ ಅಕ್ಷರ, ಆದರೆ ಸಂಕೇತ 6, ಗ್ಲಿಬ್‌ಸಿ ಪ್ರಕಾರ 4 ಮನೆ.

ಎರಡನೇ ತಪ್ಪು ಇದರಿಂದಲೇ ಹುಟ್ಟುತ್ತದೆ. ಪರದೆಯ ಯಾವ ಮನೆಯಲ್ಲಿ ಏನಿದೆ ಅನ್ನುವ ಲೆಕ್ಕವನ್ನು ಕರ್ಸಸ್ ತನ್ನ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ, ಟರ್ಮಿನಲ್ ಬೇರೆಯೇ ಲೆಕ್ಕ ಇಟ್ಟುಕೊಂಡಿರುತ್ತದೆ. ಇಬ್ಬರ ಲೆಕ್ಕ ಒಂದು ಮನೆ ತಪ್ಪಿದರೂ ಆ ಸಾಲಿನಲ್ಲಿ ಅದರ ಬಲಕ್ಕಿರುವುದೆಲ್ಲ ಜರುಗುತ್ತದೆ. ನೀವು ಪರದೆಗೆ ಬರೆಯುವ ಆ್ಯಡ್‌ಎಸ್‌ಟಿಆರ್‌ಗೆ ಪ್ರತಿ ಕಾಲಂನ ಸ್ಥಾನ ಕೊಟ್ಟರೂ ಪ್ರಯೋಜನವಿಲ್ಲ. ಕರ್ಸರ್ ಆಗಲೇ ಅಲ್ಲಿದೆ ಎಂದು ಕರ್ಸಸ್ ನಂಬಿದ್ದರೆ ಸ್ಥಾನ ಬದಲಿಸುವ ಆದೇಶವನ್ನೇ ಅದು ಕಳಿಸುವುದಿಲ್ಲ, ನಡುವೆ ಖಾಲಿ ಜಾಗ ಬರೆದು ಮುಂದೆ ಹೋಗುತ್ತದೆ.

ಹಾಗಾಗಿ ನಿಖರವಾದ ಅಗಲ ಹುಡುಕುತ್ತಾ ಕೂರಬೇಡಿ. ಲೆಕ್ಕ ತಪ್ಪಿದರೂ ಹಾನಿಯಾಗದ ವಿನ್ಯಾಸ ಮಾಡಿ. ಕ್ರಮಸಂಖ್ಯೆ ಮತ್ತು ಕಪಾಟು ಅಂಕಿಗಳಾದ್ದರಿಂದ ಅವು ಎಡಕ್ಕಿರಲಿ, ಶೀರ್ಷಿಕೆ ಸಾಲಿನ ಕೊನೆಗೆ ಬರಲಿ. ಲೇಖಕರ ಹೆಸರನ್ನು ಪಟ್ಟಿಯಿಂದ ತೆಗೆದು ಕೆಳಗೆ ವಿವರದ ಭಾಗದಲ್ಲಿ ತೋರಿಸಿ. ಚೌಕಟ್ಟಿನ ಬಲಗೆರೆ ತೆಗೆದುಹಾಕಿ, ಮೇಲೆ ಕೆಳಗೆ ಅಡ್ಡಗೆರೆ ಸಾಕು. ಕನ್ನಡ ಪಠ್ಯದ ಬಲಕ್ಕೆ ಏನೂ ಇಲ್ಲದಿದ್ದರೆ ಜರುಗುವುದಕ್ಕೂ ಏನೂ ಇರುವುದಿಲ್ಲ. ಬದಲಾದ ಕನ್ನಡ ಸಾಲುಗಳಿಗೆ ಮಾತ್ರ ರೀಡ್ರಾ‌ಎಲ್‌ಎನ್ ಕರೆದರೆ ಆ ಸಾಲು ಪೂರ್ತಿ ಹೊಸದಾಗಿ ಬರೆಯಲ್ಪಡುತ್ತದೆ, ಹಳೆಯ ಅಕ್ಷರದ ತುಣುಕು ಉಳಿಯುವುದಿಲ್ಲ.

ಎರಡು ಕನ್ನಡ ಕಾಲಂ ಅಕ್ಕಪಕ್ಕ ಬೇಕೇ ಬೇಕು ಅನ್ನುವುದಾದರೆ ಕರ್ಸಸ್‌ಗಿಂತ ಬ್ಲೆಸ್ಡ್ ಲೈಬ್ರರಿ ಹಿತ. ಸಾಲನ್ನು ಅಳಿಸಿ, ಪ್ರತಿ ಕಾಲಂಗೂ ಮೊದಲು ಮೂವ್_ಎಕ್ಸ್ ಮೂಲಕ ಕರ್ಸರನ್ನು ನೀವೇ ಆ ಸ್ಥಾನಕ್ಕೆ ಒಯ್ದು ಎಡದಿಂದ ಬಲಕ್ಕೆ ಬರೆಯುತ್ತಾ ಹೋಗಿ. ಆದೇಶ ಪ್ರತಿ ಸಲವೂ ಟರ್ಮಿನಲ್‌ಗೆ ಮುಟ್ಟುತ್ತದೆ, ತಪ್ಪು ಆ ಕಾಲಂ ದಾಟುವುದಿಲ್ಲ. ಕಾಲಂಗಳ ನಡುವೆ ಧಾರಾಳವಾಗಿ ಜಾಗ ಬಿಡಿ.

ಕತ್ತರಿಸುವ ಬಗ್ಗೆಯೂ ಹೇಳಬೇಕು. ಉದ್ದದ ಶೀರ್ಷಿಕೆಯನ್ನು ಸಂಕೇತ ಎಣಿಸಿ ಕತ್ತರಿಸಿದರೆ ‘ಪುಸ್ತಕ’ ಹೋಗಿ ‘ಪುಸ್’ ಆಗುತ್ತದೆ. ರೆಜೆಕ್ಸ್ ಲೈಬ್ರರಿಯ ಹಿಂಬದಿ ಗೆರೆ ಮತ್ತು ದೊಡ್ಡ ಎಕ್ಸ್ (\X) ಬಳಸಿ ಗುಚ್ಛಗಳಾಗಿ ಒಡೆಯಿರಿ. ಅದು ‘ರ್ನಾ’ವನ್ನು ‘ರ್’ ಮತ್ತು ‘ನಾ’ ಎಂದು ಒಡೆದರೆ, ವಿರಾಮದಲ್ಲಿ ಮುಗಿದ ಗುಚ್ಛವನ್ನು ಮುಂದಿನದಕ್ಕೆ ನೀವೇ ಅಂಟಿಸಿ. ‘ಸಾಫ್ಟ್‌ವೇರ್’ ನಡುವೆ ಇರುವ ಅಗಲವಿಲ್ಲದ ಬೇರ್ಪಡಿಕೆಯ ಸಂಕೇತ ವಿರಾಮದ ನಂತರ ಬರುವುದರಿಂದ ಅಲ್ಲಿ ಗುಚ್ಛ ವಿರಾಮದಲ್ಲಿ ಮುಗಿಯುವುದಿಲ್ಲ, ತಾನಾಗಿಯೇ ಸರಿಯಾಗಿ ಬೇರೆಯಾಗಿ ಉಳಿಯುತ್ತದೆ.

ಅಳೆಯುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಬಿಡಿ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡ್ ರೂಪ) ತನ್ನಿ. ‘ಓ’ ಗುರುತು ಒಂದೇ ಸಂಕೇತವಾಗಿಯೂ ಬರಬಹುದು, ಮೂರು ತುಂಡುಗಳಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಆದರೆ ಗ್ಲಿಬ್‌ಸಿ ಲೆಕ್ಕದಲ್ಲಿ ಮೊದಲನೆಯದು 1, ಎರಡನೆಯದು 2. ಶೀರ್ಷಿಕೆಯಲ್ಲಿ ಟ್ಯಾಬ್ ಅಥವಾ ಬೇರೆ ನಿಯಂತ್ರಣ ಸಂಕೇತ ಸೇರಿದ್ದರೆ ಇಡೀ ಸ್ಟ್ರಿಂಗ್‌ನ ಅಗಲ ಹೇಳುವ ಡಬ್ಲ್ಯೂಸಿಎಸ್‌ವಿಡ್ತ್ -1 ಕೊಡುತ್ತದೆ, ಅದನ್ನು ಪರೀಕ್ಷಿಸದೆ 30ರಿಂದ ಕಳೆದರೆ 31 ಖಾಲಿ ಜಾಗ ತುಂಬುತ್ತದೆ. ಅಂಥ ಸಂಕೇತಗಳನ್ನು ಡೇಟಾಬೇಸ್‌ನಿಂದ ಓದಿದ ಕೂಡಲೇ ತೆಗೆಯಿರಿ. ಯಾರೋ ನಮೂದಿಸಿದ ಹೆಸರಿನೊಳಗಿನ ಎಸ್ಕೇಪ್ ಸರಣಿ ಟರ್ಮಿನಲ್‌ಗೆ ಆದೇಶವಾಗಿ ಹೋಗಲು ಬಿಡಬಾರದು.

---

ಕಪ್ಪುಪರದೆ ಉತ್ತರ:

ಉಳಿದ ಮೂರಕ್ಕೆ.

ಎಸ್ಕೇಪ್ ತಡ: ಬಾಣದ ಕೀಲಿ ಒತ್ತಿದರೂ ಟರ್ಮಿನಲ್ ಕಳಿಸುವ ಮೊದಲ ಬೈಟ್ ಎಸ್ಕೇಪ್‌ದೇ. ಮೇಲಿನ ಬಾಣವೆಂದರೆ ಸಾಮಾನ್ಯವಾಗಿ ಎಸ್ಕೇಪ್, ಚೌಕ ಕಂಸ, ದೊಡ್ಡ ಎ. ಬರೀ ಎಸ್ಕೇಪ್ ಬಂದಾಗ ಇದರ ಹಿಂದೆ ಇನ್ನೇನಾದರೂ ಬರಬಹುದು ಎಂದು ಎನ್‌ಕರ್ಸಸ್ (ಕರ್ಸಸ್ ಮಾಡ್ಯೂಲ್‌ನ ಹಿಂದಿರುವ ಲೈಬ್ರರಿ) ಕಾಯುತ್ತದೆ, ಆ ಕಾಯುವಿಕೆ ಮೂಲತಃ 1000 ಮಿಲಿಸೆಕೆಂಡ್. ಪೈಥಾನ್ 3.9ರಿಂದ ಸೆಟ್_ಎಸ್ಕ್‌ಡಿಲೇ ಇದೆ, 25 ಕೊಡಿ. ತೀರಾ 1, 2ಕ್ಕೆ ಇಳಿಸಬೇಡಿ. ಎಸ್‌ಎಸ್‌ಎಚ್‌ನಲ್ಲಿ ಬೈಟ್‌ಗಳು ಬಿಡಿಬಿಡಿಯಾಗಿ ಬಂದರೆ ಬಾಣದ ಕೀಲಿ ಒಡೆದು ಒಂದು ಎಸ್ಕೇಪ್, ಜೊತೆಗೆ ಎರಡು ಅನಾಥ ಅಕ್ಷರವಾಗುತ್ತದೆ. ಟಿಮಕ್ಸ್ ಕೂಡ ಇದೇ ಕಾರಣಕ್ಕೆ ಕಾಯುತ್ತದೆ, ಹಳೆಯ ಆವೃತ್ತಿಗಳಲ್ಲಿ 500 ಮಿಲಿಸೆಕೆಂಡ್. ಅದರ ಸಂರಚನೆಯಲ್ಲಿ ಎಸ್ಕೇಪ್-ಟೈಮ್ ಅನ್ನು 10 ಮಾಡಲು ಬಳಸುವವರಿಗೆ ತಿಳಿಸಿ.

ಮಿನುಗುವುದು: ಪ್ರತಿ ಸಲ ಕ್ಲಿಯರ್ ಕರೆಯುತ್ತಿರಬೇಕು. ಕ್ಲಿಯರ್ ಎಂದರೆ ಮುಂದಿನ ರಿಫ್ರೆಶ್‌ನಲ್ಲಿ ಇಡೀ ಪರದೆ ಅಳಿಸಿ ಮತ್ತೆ ಬರೆ ಎಂದರ್ಥ. ಅದರ ಜಾಗದಲ್ಲಿ ಇರೇಸ್ ಹಾಕಿ, ಆಗ ಕರ್ಸಸ್ ಹಳೆಯದಕ್ಕೂ ಹೊಸದಕ್ಕೂ ಹೋಲಿಸಿ ಬದಲಾದ ಮನೆಗಳನ್ನಷ್ಟೇ ಕಳಿಸುತ್ತದೆ. ಹಲವು ವಿಂಡೋಗಳಿದ್ದರೆ ಪ್ರತಿಯೊಂದಕ್ಕೂ ರಿಫ್ರೆಶ್ ಬೇಡ. ಎಲ್ಲಕ್ಕೂ ನೌಟ್‌ರಿಫ್ರೆಶ್, ಕೊನೆಗೆ ಒಂದೇ ಡೂಅಪ್‌ಡೇಟ್. ಇನ್ನೊಂದು ಗುಪ್ತ ಕಾರಣವೂ ಇದೆ: ಮುಖ್ಯ ವಿಂಡೋ ಮೇಲೆ ಕೀಲಿ ಓದುವ ಗೆಟ್‌ಸಿಎಚ್ ಕರೆದಾಗ, ಅದರಲ್ಲಿ ಏನಾದರೂ ಬದಲಾಗಿದ್ದರೆ ಗೆಟ್‌ಸಿಎಚ್ ತಾನೇ ರಿಫ್ರೆಶ್ ಮಾಡಿಬಿಡುತ್ತದೆ, ಒಳಗಿನ ವಿಂಡೋಗಳು ಮುಚ್ಚಿಹೋಗುತ್ತವೆ. ಹುಡುಕುವ ಪೆಟ್ಟಿಗೆಯ ವಿಂಡೋದಿಂದಲೇ ಕೀಲಿ ಓದಿ, ಅದಕ್ಕೆ ಕೀಪ್ಯಾಡ್ ಆನ್ ಮಾಡುವುದನ್ನು ಮರೆಯಬೇಡಿ.

ಅಲ್ಲಿ ಗೆಟ್‌ಸಿಎಚ್ ಕೂಡ ಬೇಡ. ಅದು ಬೈಟ್ ಬೈಟಾಗಿ ಕೊಡುವುದರಿಂದ ಒಂದು ‘ಕ’ ಒತ್ತಿದರೆ ಮೂರು ಸಂಖ್ಯೆ ಬರುತ್ತದೆ. ಗೆಟ್_ಡಬ್ಲ್ಯೂಸಿಎಚ್ ಬಳಸಿದರೆ ಅಕ್ಷರಕ್ಕೆ ಸ್ಟ್ರಿಂಗ್, ವಿಶೇಷ ಕೀಲಿಗೆ ಸಂಖ್ಯೆ ಬರುತ್ತದೆ. ಬ್ಯಾಕ್‌ಸ್ಪೇಸ್ ಟರ್ಮಿನಲ್‌ಗೆ ತಕ್ಕಂತೆ 127, 8, ಇಲ್ಲವೇ ಕರ್ಸಸ್‌ನದೇ ಕೀಲಿಸಂಖ್ಯೆಯಾಗಿ ಬರಬಹುದು, ಮೂರನ್ನೂ ಹಿಡಿಯಿರಿ. ಬ್ಯಾಕ್‌ಸ್ಪೇಸ್ ಕೊನೆಯ ಒಂದು ಸಂಕೇತವನ್ನು ಮಾತ್ರ ಅಳಿಸಲಿ, ಬಾಣ ಮಾತ್ರ ಇಡೀ ಅಕ್ಷರ ದಾಟಲಿ. ತಪ್ಪು ಗುಣಿತ ತಿದ್ದುವವರಿಗೆ ಅದೇ ಅನುಕೂಲ. ಕರ್ಸಸ್ ಶುರುಮಾಡುವ ಇನಿಟ್‌ಎಸ್‌ಸಿಆರ್‌ಗೂ ಮೊದಲೇ ಸೆಟ್‌ಲೊಕೇಲ್ ಅನ್ನು ಖಾಲಿ ಸ್ಟ್ರಿಂಗ್‌ನೊಂದಿಗೆ ಕರೆದಿರಬೇಕು. ಸರ್ವರ್‌ನಲ್ಲಿ ಲೊಕೇಲ್ ಬರೀ ಸಿ ಎಂದಿದ್ದರೆ ಕನ್ನಡ ಕೆಡಬಹುದು, ಯುಟಿಎಫ್-8 ಲೊಕೇಲ್ ಬೇಕು.

ಕೆಟ್ಟುಹೋಗುವ ಟರ್ಮಿನಲ್: ಕರ್ಸಸ್.ರ‍್ಯಾಪರ್ ಒಳಗೆ ಮುಖ್ಯ ಫಂಕ್ಷನ್ ಓಡಿಸಿದರೆ ಪೈಥಾನ್ ದೋಷಗಳೆಲ್ಲ ಎಂಡ್‌ವಿನ್ (ಟರ್ಮಿನಲನ್ನು ಮೊದಲಿನಂತೆ ಮಾಡುವ ಫಂಕ್ಷನ್) ದಾಟಿಯೇ ಹೊರಬರುತ್ತವೆ. ಸಿಗ್ನಲ್‌ಗಳಿಗೆ ಅದು ಸಾಲದು. ಸಿಗ್‌ಟರ್ಮ್ (ಬರೀ ಕಿಲ್ ಕಳಿಸುವ ಸಿಗ್ನಲ್), ಸಿಗ್‌ಹಪ್ ಬಂದಾಗ ಪೈಥಾನ್ ಫೈನಲಿ ಭಾಗವನ್ನೂ ಓಡಿಸದೆ ಸಾಯುತ್ತದೆ, ಅಟ್‌ಎಕ್ಸಿಟ್ ಕೂಡ ಓಡುವುದಿಲ್ಲ. ಎರಡಕ್ಕೂ ಹ್ಯಾಂಡ್ಲರ್ ಹಾಕಿ ಒಳಗೆ ಸಿಸ್.ಎಕ್ಸಿಟ್ ಕರೆಯಿರಿ, ಆಗ ಅದು ಮಾಮೂಲಿ ದೋಷದ ದಾರಿಯಲ್ಲೇ ಹೊರಬರುತ್ತದೆ. ಎಸ್‌ಎಸ್‌ಎಚ್ ಕಡಿದಾಗ ಬರುವುದು ಸಿಗ್‌ಹಪ್, ನಿಮಗೆ ಅದು ಮುಖ್ಯ. ಕಿಲ್ -9 ಅನ್ನು ಯಾರೂ ಹಿಡಿಯಲಾರರು. ಆಗ ಕುರುಡಾಗಿ ‘ಎಸ್‌ಟಿಟಿವೈ ಸೇನ್’ ಎಂದು ಟೈಪಿಸಿ ಎಂಟರ್ ಬದಲು ಕಂಟ್ರೋಲ್-ಜೆ ಒತ್ತಿ, ನಂತರ ‘ರೀಸೆಟ್’. ಕೆಟ್ಟ ಸ್ಥಿತಿಯಲ್ಲಿ ಎಂಟರ್ ಸಾಲು ಮುಗಿಸದಿರಬಹುದು, ಅದಕ್ಕೇ ಕಂಟ್ರೋಲ್-ಜೆ.

ಪರದೆಯ ಕೆಳಬಲ ಮೂಲೆಯ ಕೊನೆಯ ಮನೆಗೆ ಆ್ಯಡ್‌ಎಸ್‌ಟಿಆರ್ ಬರೆದರೆ ದೋಷ ಎಸೆಯುತ್ತದೆ, ಬರೆದ ಮೇಲೆ ಕರ್ಸರ್ ಹೋಗಲು ಜಾಗವಿಲ್ಲ ಅನ್ನುವುದೇ ಕಾರಣ. ಕೆಳಗಿನ ಸಾಲಿನಲ್ಲಿ ಒಂದು ಮನೆ ಬಿಡಿ. ಕೀ_ರೀಸೈಜ್ ಬಂದಾಗಲೆಲ್ಲ ಗೆಟ್‌ಮ್ಯಾಕ್ಸ್‌ವೈಎಕ್ಸ್ ಹೊಸದಾಗಿ ಕೇಳಿ, ಹಳೆಯ ಅಳತೆ ಇಟ್ಟುಕೊಂಡರೆ ವಿಂಡೋ ಕಿರಿದಾದ ಕ್ಷಣ ಇದೇ ದೋಷ ಬರುತ್ತದೆ.

---

ಪುಟಸಂಖ್ಯೆ:

ಇರೇಸ್ ಮತ್ತು ಎಸ್ಕ್‌ಡಿಲೇ ಹಾಕಿದ ಕೂಡಲೇ ಎರಡೂ ಸರಿಯಾದವು, ಇಬ್ಬರಿಗೂ ಧನ್ಯವಾದ. ಕಾಲಂ ಬಗ್ಗೆ ಒಂದು ಪ್ರಯೋಗ: ಶುರುವಿನಲ್ಲೇ ‘ಕರ್ನಾಟಕ’ ಬರೆದು, ಕರ್ಸರ್ ಎಲ್ಲಿದೆ ಎಂದು ಟರ್ಮಿನಲ್‌ಗೇ ಕೇಳಿ ಅಗಲ ತಿಳಿದುಕೊಂಡೆ. ಟಿಮಕ್ಸ್ ಒಳಗೆ ಒಂದು ಸಂಖ್ಯೆ, ಹೊರಗೆ ಇನ್ನೊಂದು ಬರುತ್ತಿದೆ. ಯಾವುದನ್ನು ನಂಬಬೇಕು?

---

ಸಾಲುಗೆರೆ ಉತ್ತರ:

ಟಿಮಕ್ಸ್ ಕೂಡ ಒಂದು ಪೂರ್ತಿ ಟರ್ಮಿನಲ್, ಅದಕ್ಕೂ ತನ್ನದೇ ಮನೆಗಳ ಲೆಕ್ಕವಿದೆ. ನೀವು ಕಳಿಸಿದ ಎಸ್ಕೇಪ್ [6ಎನ್ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಟಿಮಕ್ಸ್, ಹೊರಗಿನ ಟರ್ಮಿನಲ್‌ವರೆಗೆ ಪ್ರಶ್ನೆ ಹೋಗಲೇ ಇಲ್ಲ. ನಂತರ ಟಿಮಕ್ಸ್ ತನ್ನ ಲೆಕ್ಕದಂತೆ ಹೊರಗೆ ಬರೆಯುತ್ತದೆ, ಹೊರಗಿನದು ತನ್ನ ಲೆಕ್ಕದಂತೆ ಕೂರಿಸುತ್ತದೆ. ಒಳಗಿನಿಂದ ಎಷ್ಟು ಅಳೆದರೂ ಆ ಕೊನೆಯ ಹೆಜ್ಜೆ ಕಾಣುವುದಿಲ್ಲ. ಹಾಗಾಗಿ ಬೈಟುಬುಟ್ಟಿ ಅವರು ಹೇಳಿದ, ಕನ್ನಡವನ್ನು ಸಾಲಿನ ಕೊನೆಗೆ ತರುವ ದಾರಿಯೇ ನಿಮ್ಮ ಬಳಕೆದಾರರಿಗೆ ಸರಿ. ಅಳತೆಯನ್ನು ಎಲ್ಲಿ ಕತ್ತರಿಸಬೇಕು ಎಂದು ಅಂದಾಜಿಸಲು ಮಾತ್ರ ಬಳಸಿ.

ಅಳೆಯುವ ಕೋಡ್ ಉಳಿಸಿಕೊಳ್ಳುವುದಾದರೆ ಒಂದು ಎಚ್ಚರಿಕೆ: ಮೊದಲ ಸಾಲಿನಲ್ಲಿ ಅಳೆಯಬೇಡಿ. ಎಕ್ಸ್‌ಟರ್ಮ್ ಮಾದರಿಯ ಟರ್ಮಿನಲ್‌ಗಳಲ್ಲಿ ಶಿಫ್ಟ್-ಎಫ್3 ಕಳಿಸುವ ಸರಣಿಯೂ ‘ಸಾಲು 1, ಕಾಲಂ 2’ ಎಂಬ ಉತ್ತರವೂ ಒಂದೇ ಬೈಟ್‌ಗಳು. ಎರಡನೇ ಸಾಲಿನಿಂದ ಕೆಳಗೆ ಅಳೆದರೆ ಗೊಂದಲವಿಲ್ಲ. ಉತ್ತರ ಬರದ ಟರ್ಮಿನಲ್‌ಗಳಿಗಾಗಿ ಕಾಲಮಿತಿ ಇರಲಿ, ಎಸ್‌ಎಸ್‌ಎಚ್ ಇರುವುದರಿಂದ ಅರ್ಧ ಸೆಕೆಂಡಿಗಿಂತ ಕಡಿಮೆ ಬೇಡ.

ಟೆಕ್ಸ್‌ಚುವಲ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಫಾರಂ, ಟ್ಯಾಬ್, ಮೌಸ್, ಬಣ್ಣದ ಶೈಲಿ ಎಲ್ಲ ಬೇಕಿದ್ದರೆ ಖಂಡಿತ ಹೋಗಿ, ಸಿಗ್ನಲ್ ಬಿಟ್ಟು ಉಳಿದ ಎಷ್ಟೋ ತಲೆನೋವು ಕಡಿಮೆಯಾಗುತ್ತದೆ. ಆದರೆ ಅದೂ ತನ್ನದೇ ಅಗಲದ ಕೋಷ್ಟಕ ನೋಡಿಯೇ ಜಾಗ ಹಂಚುತ್ತದೆ. ಗೋ ಭಾಷೆಯ ಬಬಲ್ ಟೀ, ರಸ್ಟ್ ಭಾಷೆಯ ರಾಟಟೂಯಿ ಲೈಬ್ರರಿಗಳ ಕಥೆಯೂ ಇದೇ. ಲೈಬ್ರರಿ ಬದಲಿಸಿದ ಮಾತ್ರಕ್ಕೆ ಆ ಕಡೆಯ ಟರ್ಮಿನಲ್ ಬದಲಾಗುವುದಿಲ್ಲ. ನಿಮ್ಮ ಪ್ರೋಗ್ರಾಂ ಅಳತೆಗೆ ಕರ್ಸಸ್ ಧಾರಾಳ ಸಾಕು.

ಇನ್ನು ಪರೀಕ್ಷೆ. ಟಿಮಕ್ಸ್‌ನಲ್ಲಿ ನ್ಯೂ-ಸೆಷನ್‌ಗೆ -ಡಿ, -ಎಕ್ಸ್ 80, -ವೈ 24 ಕೊಟ್ಟು ಪ್ರೋಗ್ರಾಂ ಓಡಿಸಿ, ಸೆಂಡ್-ಕೀಸ್ ಮೂಲಕ ಕೀಲಿ ಒತ್ತಿಸಿ, ಕ್ಯಾಪ್ಚರ್-ಪೇನ್ -ಪಿ ಮೂಲಕ ಪರದೆಯನ್ನು ಪಠ್ಯವಾಗಿ ಪಡೆದು ಹೋಲಿಸಿ. ಕೀಲಿ ಕಳಿಸಿದ ಕೂಡಲೇ ಪರದೆ ಹಿಡಿದರೆ ಹಳೆಯದೇ ಸಿಗುತ್ತದೆ, ಬೇಕಾದ ಪಠ್ಯ ಕಾಣುವವರೆಗೆ 50 ಮಿಲಿಸೆಕೆಂಡಿಗೊಮ್ಮೆ ನೋಡುತ್ತಿರಿ. ಆಯ್ಕೆ, ಹುಡುಕಾಟ, ಅಳತೆ ಬದಲಾವಣೆ ಎಲ್ಲ ಹೀಗೆ ಪರೀಕ್ಷಿಸಬಹುದು. ಕನ್ನಡ ಅಗಲವನ್ನು ಮಾತ್ರ ಕಣ್ಣಿಂದಲೇ ನೋಡಬೇಕು, ಯಾಕೆಂದರೆ ಕ್ಯಾಪ್ಚರ್-ಪೇನ್ ತೋರಿಸುವುದು ಟಿಮಕ್ಸ್‌ನ ಲೆಕ್ಕವನ್ನಷ್ಟೇ. ಅದಕ್ಕೆ ಐದು ಸಾಲಿನ ಒಂದು ಪರೀಕ್ಷಾ ಪಟ್ಟಿ ಇಟ್ಟುಕೊಳ್ಳಿ: ಕರ್ನಾಟಕ, ಸ್ತ್ರೀ, ಸಾಫ್ಟ್‌ವೇರ್, ರ‍್ಯಾಂಕ್, ಕೌಶಲ್ಯ. ಇವನ್ನು ಎಕ್ಸ್‌ಟರ್ಮ್‌ನಲ್ಲೂ ನಿಮ್ಮವರು ಬಳಸುವ ಟರ್ಮಿನಲ್‌ನಲ್ಲೂ ಟಿಮಕ್ಸ್ ಒಳಗೆ, ಹೊರಗೆ ತೆರೆದು ನೋಡಿ. ಎಕ್ಸ್‌ಟರ್ಮ್‌ನಲ್ಲಿ ಒತ್ತಕ್ಷರ ಕೂಡುವುದಿಲ್ಲ, ಬಿಡಿಬಿಡಿಯಾಗಿ ಕಾಣುತ್ತದೆ. ಅದು ನಿಮ್ಮ ಕೋಡಿನ ದೋಷವಲ್ಲ, ಆ ಟರ್ಮಿನಲ್ ಅಕ್ಷರ ಜೋಡಿಸುವ ಕೆಲಸವನ್ನೇ ಮಾಡುವುದಿಲ್ಲ. ಒತ್ತಕ್ಷರ ಸರಿಯಾಗಿ ಬೇಕೆನ್ನುವವರು ಎಂಎಲ್‌ಟರ್ಮ್ ಎಂಬ ಟರ್ಮಿನಲ್ ಹಾಕಿ ನೋಡಲಿ.