ಗಲ್ಲಾ ಪೆಟ್ಟಿಗೆ ಯಾರದು? ನಮ್ಮ ಮನೆ ಗುಂಪಿನಲ್ಲಿ ಒಂದು ಶುಕ್ರವಾರ ರಾತ್ರಿ

ಗುಂಪಿನ ಹೆಸರು: ನಮ್ಮ ಮನೆ, ದಾವಣಗೆರೆ
ಗುಂಪಿನಲ್ಲಿ ಇರುವವರು: ಅಜ್ಜ ಕಟ್ಟಿದ ಪಾತ್ರೆ ಅಂಗಡಿಯ ಪಾಲುದಾರರಾದ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ; ಅವರ ಒಡಹುಟ್ಟಿದ ಅತ್ತೆ; ದೊಡ್ಡಪ್ಪನ ಮಗ ಅಣ್ಣ, ಅವನ ಹೆಂಡತಿ ಅತ್ತಿಗೆ; ಮತ್ತೆ ನಾನು.

ಚಿಕ್ಕಪ್ಪ, 9:04
[ಫಾರ್ವರ್ಡ್ ಆದ ಚಿತ್ರ: ಹಳೆಯ ಅಂಗಡಿಯ ಮುಂದೆ ಹೆಗಲ ಮೇಲೆ ಕೈ ಹಾಕಿ ನಿಂತ ಇಬ್ಬರು. ಕೆಳಗೆ ಬರಹ: "ಅಪ್ಪ ಕಟ್ಟಿದ ಅಂಗಡಿಯನ್ನು ಅಣ್ಣತಮ್ಮಂದಿರು ಒಡೆಯುವುದಿಲ್ಲ. ಹೊರಗಿನಿಂದ ಬಂದ ಹೆಣ್ಣುಮಕ್ಕಳು ಒಡೆಯುತ್ತಾರೆ. ಒಪ್ಪುವವರು ಹತ್ತು ಜನರಿಗೆ ಕಳಿಸಿ."]

ಚಿಕ್ಕಪ್ಪ, 9:05
ಎಷ್ಟು ನಿಜ ಅಲ್ವಾ? ನಮ್ಮಲ್ಲಿ ಹಾಗಾಗಲಿಲ್ಲ. ಅಪ್ಪಾಜಿ ಮಾಡಿದ ಪುಣ್ಯ.

ಅತ್ತಿಗೆ, 9:11
ಚಿಕ್ಕ ಮಾವ, ತಪ್ಪು ತಿಳಿಯಬೇಡಿ. ಹೊರಗಿನಿಂದ ಬಂದವಳು ಅಂದರೆ ಈ ಮನೆಯಲ್ಲಿ ನಾನೇ. ಬಂದು ಹನ್ನೊಂದು ವರ್ಷ ಆಯಿತು. ಅಷ್ಟು ವರ್ಷದಲ್ಲಿ ಅಂಗಡಿ ಬಗ್ಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಇವರಿಗೆ ತಿಂಗಳಿಗೆ ಎಷ್ಟು ಅಂತ. ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ.

ಚಿಕ್ಕಪ್ಪ, 9:13
ಅಯ್ಯೋ, ಅದು ನಿನಗೆ ಹೇಳಿದ್ದಲ್ಲಮ್ಮ. ಯಾರೋ ಕಳಿಸಿದ್ದರು, ಸುಮ್ನೆ ಹಾಕಿದೆ.

ನಾನು, 9:18
ಚಿಕ್ಕಪ್ಪ, ಸುಮ್ನೆ ಹಾಕಿದ್ದೇ ಇರಬಹುದು. ಆದರೆ ಅದು ಸುಳ್ಳು, ಅದಕ್ಕೇ ಹೇಳುತ್ತಿದ್ದೇನೆ. ಆಡಿಟರ್ ಆಫೀಸಿನಲ್ಲಿ ಕೂತು ಒಂಬತ್ತು ವರ್ಷ ಆಯಿತು. ಅಣ್ಣತಮ್ಮಂದಿರು ಬೇರೆ ಆಗೋದಕ್ಕೆ ಮುಂಚೆ ಲೆಕ್ಕದ ಪುಸ್ತಕ ಬರೋದು ನಮ್ಮ ಮೇಜಿಗೆ. ಸೊಸೆಯಿಂದ ಒಡೆದ ಅಂಗಡಿ ನಾನು ಒಂದನ್ನೂ ನೋಡಿಲ್ಲ. ಲೆಕ್ಕ ಬರೆಯದೆ ಒಡೆದದ್ದು ಬೇಕಾದಷ್ಟು ನೋಡಿದ್ದೇನೆ. ಸೊಸೆ ಮಾಡೋದು ಇಷ್ಟೇ. ಗಂಡ ಇಪ್ಪತ್ತು ವರ್ಷ ನುಂಗಿಕೊಂಡ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುತ್ತಾಳೆ.

ದೊಡ್ಡಪ್ಪ, 9:24
ಮನೆ ಹುಡುಗನಿಗೆ ಸಂಬಳ ಅಂದರೆ ಏನಮ್ಮ? ಸಂಬಳ ಕೊಡೋದು ಕೆಲಸದವರಿಗೆ. ಮಗನಿಗೆ ಗಲ್ಲಾನೇ ಇದೆ. ಬೇಕಾದ್ದು ತಗೊಳ್ಳಲಿ, ಬೇಡ ಅಂದವರು ಯಾರು?

ಅಣ್ಣ, 9:29
ಅಪ್ಪಾಜಿ, ತಗೋಬಹುದು ನಿಜ. ಪ್ರತಿ ಸಲ ನಿಮ್ಮ ಮುಖ ನೋಡಿ ತಗೋಬೇಕು. ಹೋದ ವರ್ಷ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಸಂಬಳದ ಚೀಟಿ ಕೇಳಿದರು. ನಮ್ಮ ಗೋಡೌನ್ ನೋಡಿಕೊಳ್ಳುವ ಹುಡುಗನ ಹತ್ತಿರ ಇದೆ. ನನ್ನ ಹತ್ತಿರ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯೋದು ನಾನು, ರಾತ್ರಿ ಬೀಗ ಹಾಕೋದೂ ನಾನು. ಕಾಗದದ ಮೇಲೆ ನಾನು ಅಲ್ಲಿ ಯಾರೂ ಅಲ್ಲ.

ದೊಡ್ಡಪ್ಪ, 9:31
ಇದನ್ನ ನನ್ನ ಹತ್ತಿರ ಮನೆಯಲ್ಲಿ ಯಾಕೆ ಹೇಳಲಿಲ್ಲ?

ಅಣ್ಣ, 9:32
ಹೇಳಿದ್ದೆ ಅಪ್ಪಾಜಿ. ಎರಡು ಸಲ. "ಅಂಗಡಿ ಯಾರಿಗೆ ಕಣೋ, ನಿನಗೇ ಅಲ್ವಾ" ಅಂದಿರಿ.

ನಾನು, 9:40
ದೊಡ್ಡಪ್ಪ, ಕೋಪ ಮಾಡಿಕೊಳ್ಳಬೇಡಿ. ಇಲ್ಲಿ ಎರಡು ಲೆಕ್ಕ ಇದೆ, ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿದ್ದೇವೆ. ಬಂಡವಾಳ ಹಾಕಿದವರಿಗೆ ಬರೋದು ಪಾಲು. ದುಡಿದವರಿಗೆ ಬರೋದು ಸಂಬಳ. ಒಬ್ಬರಿಗೇ ಎರಡೂ ಬರಬಹುದು. ಆದರೆ ಎರಡೂ ಒಂದೇ ಅಲ್ಲ. 1932ರ ಪಾಲುದಾರಿಕೆ ಕಾನೂನಿನ 13ನೇ ಕಲಂ ಏನು ಹೇಳುತ್ತದೆ ಗೊತ್ತಾ? ಪತ್ರದಲ್ಲಿ ಬೇರೆ ಏನೂ ಬರೆಯದಿದ್ದರೆ, ಅಂಗಡಿಯಲ್ಲಿ ಎಷ್ಟೇ ದುಡಿದರೂ ಪಾಲುದಾರನಿಗೆ ಸಂಬಳ ಇಲ್ಲ. ಲಾಭ ಎಲ್ಲರಿಗೂ ಸಮ. ದಿನಕ್ಕೆ ಹನ್ನೆರಡು ಗಂಟೆ ನಿಂತವನಿಗೂ, ವರ್ಷಕ್ಕೊಂದು ಸಲ ಲಕ್ಷ್ಮೀಪೂಜೆಗೆ ಬಂದವನಿಗೂ. ಇಬ್ಬರ ಮನಸ್ಸೂ ಚೆನ್ನಾಗಿರುವವರೆಗೆ ನಡೆಯುತ್ತದೆ. ಒಬ್ಬರ ಮಗಳ ಮದುವೆ, ಇನ್ನೊಬ್ಬರ ಮಗನ ಕಾಲೇಜು ಒಂದೇ ವರ್ಷ ಬಂತು ಅಂದರೆ ನಡೆಯೋದಿಲ್ಲ.

ಚಿಕ್ಕಪ್ಪ, 9:44
ವರ್ಷಕ್ಕೊಂದು ಸಲ ಪೂಜೆಗೆ ಬರೋದು ನಾನು. ನೇರವಾಗಿ ಹೇಳಬಹುದಿತ್ತು.

ಚಿಕ್ಕಪ್ಪ, 9:49
ನನ್ನ ಮಾತೂ ಕೇಳಿ. ಬೆಂಗಳೂರಿನಲ್ಲಿದ್ದೇನೆ, ಕೌಂಟರಿನಲ್ಲಿ ನಿಲ್ಲೋದಿಲ್ಲ, ಒಪ್ಪಿದೆ. ಆದರೆ ಅಂಗಡಿಯ 40 ಲಕ್ಷದ ಬ್ಯಾಂಕ್ ಸಾಲಕ್ಕೆ ನನ್ನ ಸಹಿಯೂ ಇದೆ. ಅಂಗಡಿ ಮುಳುಗಿದರೆ ಬ್ಯಾಂಕಿನವರು ನನ್ನ ಫ್ಲ್ಯಾಟಿಗೂ ಬರುತ್ತಾರೆ. ಆ ಭಯ ಇಟ್ಟುಕೊಂಡು ಮಲಗೋದು ನಾನು. ವರ್ಷದ ಕೊನೆಗೆ "ಈ ಸಲ ಲಾಭ ಇಷ್ಟೇ" ಅಂತ ಒಂದು ಅಂಕಿ ಬರುತ್ತದೆ. ಹೇಗೆ ಅಂತ ಯಾವತ್ತೂ ಕೇಳಿಲ್ಲ. ಕೇಳಿದರೆ ಅಣ್ಣನ ಮೇಲೆ ಅನುಮಾನ ಪಟ್ಟ ಹಾಗೆ ಆಗುತ್ತದೆ.

ನಾನು, 9:53
ಚಿಕ್ಕಪ್ಪ, ಕ್ಷಮಿಸಿ. ನಿಮ್ಮನ್ನು ಚುಚ್ಚಬೇಕು ಅಂತ ಬರೆದದ್ದಲ್ಲ. ನೀವು ಹೇಳಿದ್ದು ನ್ಯಾಯ. ಪಾಲುದಾರಿಕೆಯಲ್ಲಿ ಅಂಗಡಿಯ ಸಾಲ ಪಾಲುದಾರರ ಸ್ವಂತ ಆಸ್ತಿಯವರೆಗೂ ಬರುತ್ತದೆ. ಅಷ್ಟು ಹೊಣೆ ಹೊತ್ತವರಿಗೆ ಲೆಕ್ಕ ನೋಡುವ ಹಕ್ಕೂ ಇದೆ, ಲಾಭದಲ್ಲಿ ಪಾಲೂ ಇದೆ. ಅಣ್ಣನ ಸಂಬಳ ಅಂಗಡಿಯ ಖರ್ಚಿನಲ್ಲಿ ಬರಲಿ. ಮನೆಯ ಖರ್ಚು ಆಯಾ ಮನೆಯವರ ಹೆಸರಿಗೆ ಬೀಳಲಿ. ಆಮೇಲೆ ಉಳಿದದ್ದು ಲಾಭ. ಆಗ ನಿಮಗೂ ಕೇಳೋಕೆ ಮುಜುಗರ ಇರೋದಿಲ್ಲ, ದೊಡ್ಡಪ್ಪನಿಗೂ ತೋರಿಸೋಕೆ ಬೇಜಾರು ಇರೋದಿಲ್ಲ.

ನಾನು, 9:58
ನಮ್ಮ ಆಫೀಸಿಗೆ ಬಂದ ಒಂದು ಅಕ್ಕಿ ಗಿರಣಿಯ ಕತೆ ಹೇಳುತ್ತೇನೆ. ಹೆಸರು ಬೇಡ. ಇಬ್ಬರು ಅಣ್ಣತಮ್ಮಂದಿರು, ಒಂದೇ ಅಡುಗೆಮನೆ. ಅಣ್ಣನ ಮಗಳ ಮದುವೆಗೆ ಗಿರಣಿಯ ಖಾತೆಯಿಂದ ದುಡ್ಡು ತೆಗೆದರು. ತಮ್ಮನೇ ಮುಂದೆ ನಿಂತು ಖುಷಿಯಿಂದ ಚೆಕ್ ಬರೆದ. ಯಾರೂ ಅದನ್ನು ಅಣ್ಣನ ಖಾತೆಗೆ ಹಾಕಲಿಲ್ಲ. ಆರು ವರ್ಷ ಆದ ಮೇಲೆ ತಮ್ಮ ಮನೆ ಕಟ್ಟೋಕೆ ದುಡ್ಡು ಕೇಳಿದ. ಅಣ್ಣ, ಈಗ ಗಿರಣಿಯಲ್ಲಿ ಇಲ್ಲ ಅಂದ. ಇರಲಿಲ್ಲ ಅನ್ನೋದು ನಿಜವೇ. ಆದರೆ ತಮ್ಮನಿಗೆ ಕೇಳಿಸಿದ್ದು "ನಿನಗೆ ಇಲ್ಲ" ಅಂತ. ಈಗ ಇಬ್ಬರಿಗೂ ಬೇರೆ ಬೇರೆ ವಕೀಲರು. ಆ ಮದುವೆಯ ಲೆಕ್ಕ ಒಂದು ಸಾಲು ಬರೆದಿಟ್ಟಿದ್ದರೆ ಸಾಕಿತ್ತು.

ದೊಡ್ಡಪ್ಪ, 10:02
ಬರೆದಿಟ್ಟರೆ ಎಲ್ಲ ಸರಿಹೋಗುತ್ತೆ ಅನ್ನೋದು ನಿಮ್ಮ ವಯಸ್ಸಿನವರ ನಂಬಿಕೆ. ಅಪ್ಪಾಜಿ 1968ರಲ್ಲಿ ಒಂದು ಕೊಳಗ, ಎರಡು ಡಜನ್ ತಂಬಿಗೆ ಇಟ್ಟುಕೊಂಡು ಶುರು ಮಾಡಿದಾಗ ಯಾವ ಪತ್ರ ಇತ್ತು?

ಚಿಕ್ಕಪ್ಪ, 10:06
ಅಣ್ಣ ಹೇಳೋದು ಸರಿ. ಕಿರ್ಲೋಸ್ಕರ್ ಮನೆತನ ನೋಡಿ. ಲಕ್ಷ್ಮಣರಾಯರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದ್ದು. ಅವರ ವಂಶದವರು 2009ರಲ್ಲಿ ಕುಟುಂಬ ಒಪ್ಪಂದ ಬರೆದುಕೊಂಡರು, ದೊಡ್ಡ ದೊಡ್ಡ ವಕೀಲರನ್ನು ಇಟ್ಟುಕೊಂಡು. ಆದರೂ ಅಣ್ಣತಮ್ಮಂದಿರು ಕೋರ್ಟ್ ಮೆಟ್ಟಿಲು ಹತ್ತಿದರು. ಬರೆದರೂ ಜಗಳ, ಬರೆಯದಿದ್ದರೂ ಜಗಳ.

ದೊಡ್ಡಪ್ಪ, 10:07
ನನ್ನ ಗೆಳೆಯರು ಎಷ್ಟೋ ಜನ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಇದ್ದರು. ಆ ಸೈರನ್ ಕೇಳಿ ಹರಿಹರ ಗಡಿಯಾರ ಸರಿ ಮಾಡಿಕೊಳ್ಳುತ್ತಿತ್ತು.

ನಾನು, 10:15
ಚಿಕ್ಕಪ್ಪ, ಒಳ್ಳೆಯ ಉದಾಹರಣೆ ಕೊಟ್ಟಿರಿ. ಅದನ್ನೇ ಸ್ವಲ್ಪ ನೋಡೋಣ. ಒಬ್ಬರ ವ್ಯಾಪಾರಕ್ಕೆ ಇನ್ನೊಬ್ಬರು ಕೈ ಹಾಕಬಾರದು ಅನ್ನೋದು ಅಲ್ಲಿನ ದೊಡ್ಡ ತಕರಾರು. ಅತುಲ್, ರಾಹುಲ್ ಇಬ್ಬರ ಕಡೆಯ ಕಂಪನಿ 2017ರಲ್ಲಿ ಪಂಪ್ ಮಾಡುವ ಕಂಪನಿಯೊಂದನ್ನು ಕೊಂಡಿತು. ಪಂಪು ಇನ್ನೊಬ್ಬ ಸಹೋದರ ಸಂಜಯ್ ಅವರ ಕಂಪನಿಯ ವ್ಯಾಪಾರ. ಒಪ್ಪಂದ ಮುರಿದಿರಿ ಅಂತ ಸಂಜಯ್, ಇಲ್ಲ ಅಂತ ಅವರಿಬ್ಬರು. 2021ರಲ್ಲಿ ಸುಪ್ರೀಂ ಕೋರ್ಟ್, ಮಾತುಕತೆಯಿಂದ ಬಗೆಹರಿಸಿಕೊಳ್ಳಿ ಅಂತ ಹೇಳಿತು. ಅಂದರೆ ಬರೆದ ಒಂದು ಸಾಲಿನ ಅರ್ಥ ಏನು ಅನ್ನೋದೇ ಅಲ್ಲಿಯ ಜಗಳ.

ಧೀರೂಭಾಯಿ ಅಂಬಾನಿ 2002ರ ಜುಲೈನಲ್ಲಿ ತೀರಿಕೊಂಡಾಗ ಉಯಿಲು ಇರಲಿಲ್ಲ. ಅಲ್ಲಿ ಜಗಳ ಒಂದು ಸಾಲಿನ ಮೇಲೆ ಅಲ್ಲ, ಯಜಮಾನ ಯಾರು ಅನ್ನೋದರ ಮೇಲೆ. ತಾಯಿ ಕೋಕಿಲಾಬೆನ್ 2005ರ ಜೂನ್‌ನಲ್ಲಿ ಹಂಚಿಕೊಟ್ಟರು. ಅಷ್ಟಾದರೂ ಮಕ್ಕಳಿಬ್ಬರ ನಡುವಿನ ಗ್ಯಾಸ್ ಬೆಲೆಯ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ 2010ರಲ್ಲಿ ತೀರ್ಪು ಬಂತು. ಗೋದ್ರೆಜ್‌ನವರು 1897ರಿಂದ ಇದ್ದದ್ದನ್ನು 2024ರ ಏಪ್ರಿಲ್‌ನಲ್ಲಿ ಎರಡು ಪಾಲು ಮಾಡಿಕೊಂಡರು. ಕೂತು ಮಾತಾಡಿ ಮುಗಿಸಿದರು, ಕೋರ್ಟಿಗೆ ಹೋಗಲಿಲ್ಲ. ಬೇರೆ ಆಗೋದು ತಪ್ಪಲ್ಲ ದೊಡ್ಡಪ್ಪ. ಹಗೆ ಇಟ್ಟುಕೊಂಡು ಬೇರೆ ಆಗೋದು ನನಗೆ ಭಯ.

ಅಣ್ಣ, 10:19
ಇನ್ನೊಂದು ವಿಷಯ ಹೇಳಲೇಬೇಕು. ಪಿ.ಬಿ. ರಸ್ತೆಯಲ್ಲಿ ಹೋಟೆಲ್ ಪಾತ್ರೆಗಳ ಅಂಗಡಿ ಹಾಕೋಣ ಅಂತ ನಾಲ್ಕು ವರ್ಷದ ಹಿಂದೆ ಹೇಳಿದೆ. ಆಗ ಬೇಡ ಅಂದಿರಿ. ಬೇಡ ಅಂದದ್ದು ತಪ್ಪಲ್ಲ. ಬೇಡ ಅನ್ನೋದು ಯಾರ ಅಧಿಕಾರ, ಎಷ್ಟು ರೂಪಾಯಿಯವರೆಗೆ ನಾನೇ ತೀರ್ಮಾನ ಮಾಡಬಹುದು, ಅದು ಗೊತ್ತಾದರೆ ಸಾಕು. ನನಗೆ ನಲವತ್ತು ದಾಟಿತು ಅಪ್ಪಾಜಿ.

ಅತ್ತೆ (ಹುಬ್ಬಳ್ಳಿ), 10:24
ಎಲ್ಲರೂ ಮಾತಾಡಿದ್ದು ಓದಿದೆ. ನಾನೂ ಒಂದು ಹೇಳುತ್ತೇನೆ. ಅಪ್ಪಾಜಿ ತೀರಿಕೊಂಡ ಮೇಲೆ 2011ರಲ್ಲಿ ಒಂದು ತಿದ್ದುಪಡಿ ಪತ್ರ ಮಾಡಿಸಿದಿರಿ. ಅವರ ಹೆಸರಿನ ಪಾಲು ನಿಮ್ಮ ಮೂವರಿಗೆ ಹೋಯಿತು. ಅಮ್ಮನ ಸಹಿ ತಗೊಂಡಿರಿ. ನನಗೆ ಗೊತ್ತಾಗಿದ್ದು ಅಮ್ಮ ತೀರಿಕೊಂಡ ಮೇಲೆ, 2017ರಲ್ಲಿ. ಅವಳಿಗೆ ಪಾಲು ಬೇಡವಂತೆ ಅಂತ ಊರಲ್ಲಿ ಹೇಳಿದ್ದೀರಿ. ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ನೀವೇ ಅಂದುಕೊಂಡಿರಿ.

ಚಿಕ್ಕಪ್ಪ, 10:28
ಅಕ್ಕ, ನಿನ್ನ ಮದುವೆ 1989ರಲ್ಲಿ ಆಗಿದೆ. ಮದುವೆ ಆಗಿ ಹೋದವರಿಗೆ ಬರೋದಿಲ್ಲ ಅಂತ ಆಗ ಯಾರೋ ತಿಳಿದವರು ಹೇಳಿದ್ದರು. ಮೋಸ ಮಾಡಬೇಕು ಅಂತ ಅಲ್ಲ.

ನಾನು, 10:36
ಚಿಕ್ಕಪ್ಪ, ಆ ಮಾತು ಬಂದದ್ದು ಎಲ್ಲಿಂದ ಅಂತ ಹೇಳುತ್ತೇನೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡುವ ತಿದ್ದುಪಡಿ ಬಂತು. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ನಮ್ಮ ರಾಜ್ಯದ ಕಾನೂನಿನಲ್ಲಿ 1994ಕ್ಕೂ ಮುಂಚೆ ಮದುವೆಯಾದವರನ್ನು ಬಿಟ್ಟಿದ್ದರು. 2005ರ ಕಾನೂನು ಆ ಭೇದ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದಲೇ ಅಂತ ಹೇಳಿತು.

ಆದರೆ ಅತ್ತೆಯ ವಿಷಯಕ್ಕೆ ಅಷ್ಟೆಲ್ಲ ಬೇಕಾಗಿಯೇ ಇಲ್ಲ. ಅಂಗಡಿಯಲ್ಲಿ ಅಜ್ಜನ ಹೆಸರಿನ, ನೂರಕ್ಕೆ 40 ಪಾಲು ಅವರೇ ದುಡಿದು ಕಟ್ಟಿದ್ದು. ಉಯಿಲು ಬರೆಯದೆ ಹೋದರೆ ಅದು ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮನಾಗಿ ಹೋಗಬೇಕು. ಇದು 1956ರಿಂದ ಇರುವ ಕಾನೂನು. ಅಜ್ಜಿ, ನೀವು ಮೂವರು, ಅತ್ತೆ, ಒಟ್ಟು ಐದು ಜನ. ತಲೆಗೆ 8. ಅಜ್ಜಿ ಹೋದ ಮೇಲೆ ಅವರ 8 ನಾಲ್ಕು ಮಕ್ಕಳಿಗೆ, ತಲೆಗೆ 2. ಅಂದರೆ ಅತ್ತೆಯದು 10. ಅವರು ತಾನಾಗಿಯೇ ಪಾಲುದಾರರಾಗೋದಿಲ್ಲ, ಅದು ಬೇರೆ. ಆದರೆ ಆ 10ಕ್ಕೆ ಎಷ್ಟು ಬೆಲೆ ಅಂತ ಅವರನ್ನು ಕೂರಿಸಿ ಹೇಳಬೇಕಿತ್ತು. ಬೇಡ ಅಂದಿದ್ದರೆ ಅವರ ಕೈಯಲ್ಲೇ ಬರೆಸಿಕೊಳ್ಳಬೇಕಿತ್ತು.

ದೊಡ್ಡಪ್ಪ, 10:39
[ಈ ಮೆಸೇಜ್ ಅಳಿಸಲಾಗಿದೆ]

ಅತ್ತಿಗೆ, 10:43
ಮಾವ, ಸಿಟ್ಟಾಗಬೇಡಿ. ಯಾರೂ ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ. ಮೂವತ್ತೆಂಟು ವರ್ಷ ಒಂದು ದಿನ ರಜ ಹಾಕದೆ ಗಲ್ಲಾದಲ್ಲಿ ಕೂತವರು ನೀವು. ನಾನು ಬಂದಾಗಿನಿಂದ ಅದನ್ನು ಕಣ್ಣಾರೆ ನೋಡಿದ್ದೇನೆ.

ಹತ್ತು ನಿಮಿಷ ಯಾರೂ ಬರೆಯಲಿಲ್ಲ. ಅಪ್ಪನ ಹೆಸರಿನ ಕೆಳಗೆ "ಟೈಪಿಂಗ್" ಅಂತ ಬಂದು ಬಂದು ಹೋಗುತ್ತಿತ್ತು.

ದೊಡ್ಡಪ್ಪ, 10:53
[ಫೋಟೊ: ಛಾಪಾ ಕಾಗದ, ಟೈಪ್ ಮಾಡಿದ ಅಕ್ಷರ, ಕೆಳಗೆ ನಾಲ್ಕು ಸಹಿ]
ಅಪ್ಪಾಜಿಯ ಟ್ರಂಕಿನಲ್ಲಿತ್ತು. 1986ರ ಪಾಲುದಾರಿಕೆ ಪತ್ರ. ಆಡಿಟರ್ ಹತ್ತಿರ ಇರೋದು ಆಮೇಲೆ ತಿದ್ದಿದ್ದು ಮಾತ್ರ. ಅಕ್ಷರ ಸಣ್ಣ, ನನಗೆ ಕಾಣಿಸೋದಿಲ್ಲ. ಏಳನೇ ಕಲಂ ಓದು.

ಅಣ್ಣ, 10:57
"ಅಂಗಡಿಯಲ್ಲಿ ಪೂರ್ಣಾವಧಿ ದುಡಿಯುವ ಪಾಲುದಾರರಿಗೆ ಮಾಸಿಕ 600 ರೂಪಾಯಿ ಸಂಬಳ ಕೊಡತಕ್ಕದ್ದು. ಸದರಿ ಸಂಬಳ ಕಳೆದು ಉಳಿದದ್ದು ಲಾಭವೆಂದು ಎಣಿಸತಕ್ಕದ್ದು."
ಅಪ್ಪಾಜಿ, ಅಜ್ಜನೇ ಬರೆಸಿದ್ದಾರೆ ಇದನ್ನ.

ಅಪ್ಪ, 11:01
ಅಣ್ಣ, ಆ 600 ರೂಪಾಯಿ ನಾನು ಒಂದು ತಿಂಗಳೂ ತಗೊಂಡಿಲ್ಲ. ಹೀಗೊಂದು ಬರೆದಿದೆ ಅಂತಲೇ ಗೊತ್ತಿರಲಿಲ್ಲ. ಎಲ್ಲಿ ಸಹಿ ಹಾಕು ಅಂದರೋ ಅಲ್ಲಿ ಹಾಕಿದೆ.

ದೊಡ್ಡಪ್ಪ, 11:04
ನಾನೂ ತಗೊಂಡಿಲ್ಲ ಕಣೋ. ನನಗೆ ಗೊತ್ತಿತ್ತು. ಆವತ್ತೇ ಓದಿದ್ದೆ. ಅಪ್ಪಾಜಿ ಎದುರಿಗೆ ನಿಂತು ಸಂಬಳ ಕೊಡಿ ಅಂತ ಕೇಳೋಕೆ ಧೈರ್ಯ ಬರಲಿಲ್ಲ. ಅವರೂ ಆ ಮಾತು ಎತ್ತಲಿಲ್ಲ. ಹಾಗೇ ಹೋಯಿತು.

ಚಿಕ್ಕಪ್ಪ, 11:08
ಆ ಚಿತ್ರ ತೆಗೆದುಬಿಟ್ಟೆ. ದೊಡ್ಡತ್ತಿಗೆಯೂ ಓದಿರುತ್ತಾರೆ, ಅವರಿಗೂ ಕ್ಷಮೆ ಕೇಳುತ್ತೇನೆ ಅಂತ ಹೇಳಿ ದೊಡ್ಡಣ್ಣ.

ಅತ್ತೆ (ಹುಬ್ಬಳ್ಳಿ), 11:10
ನಾನು ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ.

ದೊಡ್ಡಪ್ಪ, 11:12
ಬಾ. 2011ರ ಪತ್ರಾನೂ ತೆಗೆದಿಡುತ್ತೇನೆ. ನೀನು ಓದಿದ ಮೇಲೆ ಮುಂದಿನ ಮಾತು.